ಪದ್ಮಿನಿಗೆ ರ್ಯಾಕ್ ಸ್ಟೀರಿಂಗ್: ಮೂರನೇ ಸಲಕ್ಕೆ ಕೂತಿತು

ಹೋದ ತಿಂಗಳು ನಮ್ಮ ಪ್ರೀಮಿಯರ್ ಪದ್ಮಿನಿಯಲ್ಲಿ, ಅಂದರೆ ಹಳೇ ಫಿಯಟ್ ಕಾರಿನಲ್ಲಿ, ಚಾಮುಂಡಿ ಬೆಟ್ಟ ಹತ್ತಿ ಇಳಿದು ಬಂದೆ. ಇಳಿಯುವ ತಿರುವುಗಳಲ್ಲಿ ಒಂದು ಸಲವೂ ಸ್ಟೀರಿಂಗ್ ತಿದ್ದಬೇಕಾಗಲಿಲ್ಲ. ತಿರುಗಿಸಿದಷ್ಟು ತಿರುಗಿತು, ಬಿಟ್ಟಾಗ ತಾನೇ ನೇರಕ್ಕೆ ಬಂತು. ಹಳೇ ಫಿಯಟ್ ಓಡಿಸಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1978ರದ್ದು, ಅಪ್ಪನದ್ದು. ಸ್ಟೀರಿಂಗ್ ಪಕ್ಕದಲ್ಲೇ ಗೇರ್ ಇರುವ ಮಾಡೆಲ್. ಅದರ ಸ್ಟೀರಿಂಗ್ ಬಾಕ್ಸನ್ನು ಎರಡು ಸಲ ರೀಕಂಡಿಶನ್ ಮಾಡಿಸಿದ್ದೆ. ಎರಡೂ ಸೇರಿ ಹದಿನೈದು ಸಾವಿರದ ಹತ್ತಿರ ಆಯಿತು. ಪ್ರತಿ ಸಲ ಆರು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಎರಡು ಇಂಚು ಪ್ಲೇ, ಅಂದರೆ ಅಷ್ಟು ದೂರ ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲ್ಲಾಡುತ್ತದೆ. ಪ್ಲೇ ತೆಗೆಯಲು ಟೈಟ್ ಮಾಡಿದರೆ ನೇರದಲ್ಲಿ ಸರಿ, ಪೂರ್ತಿ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ. ಬಾಕ್ಸಿನೊಳಗಿನ ವರ್ಮ್ (ತಿರುಪಿನಂಥ ಗೇರ್) ನಡುಭಾಗ ಸವೆದಿದ್ದರೆ ಅಷ್ಟೇ, ಅದಕ್ಕೆ ಮದ್ದಿಲ್ಲ. ಸವೆಯದ ವರ್ಮ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆವರೆಗೂ ಹೋಗಿ ಬಂದೆ. ಸಿಕ್ಕಿದ್ದೆಲ್ಲ ನನ್ನದಕ್ಕಿಂತ ಸವೆದದ್ದು.

ಅಂಬಾಸಿಡರ್‌ಗೆ ಮೊದಲಿಂದಲೂ ಬಾಕ್ಸಿನ ಬದಲು ರ್ಯಾಕ್ ಇತ್ತು, ಅಂದರೆ ಪಿನಿಯನ್ ಅನ್ನುವ ಸಣ್ಣ ಹಲ್ಲುಚಕ್ರ ಎಡಬಲಕ್ಕೆ ಸರಿಸುವ ಹಲ್ಲಿನ ಸರಳು. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಇತ್ತು. ಫಿಯಟ್‌ಗೆ ಯಾಕೆ ಆಗಬಾರದು ಅನ್ನಿಸಿತು. ಬನ್ನಿಮಂಟಪದಲ್ಲಿ ಇಪ್ಪತ್ತು ವರ್ಷದಿಂದ ಫಿಯಟ್ ನೋಡುತ್ತಿರುವ ಮೆಕ್ಯಾನಿಕ್ ಹತ್ತಿರ ಕೇಳಿದೆ. "ಬೇಡ ಸಾರ್, ಫಿಯಟ್‌ಗೆ ಬಾಕ್ಸೇ ಸರಿ. ರ್ಯಾಕ್ ಹಾಕಿದ್ರೆ ಗಾಡಿ ರೋಡ್ ಮೇಲೆ ನಿಲ್ಲಲ್ಲ" ಅಂದರು. ಮಂಡ್ಯದ ನಮ್ಮ ಭಾವ ಇನ್ನೂ ನೇರವಾಗಿ ಹೇಳಿದರು: "ಇನ್ನೊಂದಿಷ್ಟು ಹಾಕಿದ್ರೆ ಒಂದು ಹಳೇ ಆಲ್ಟೊ ಬತ್ತಿತ್ತು ಕಣಪ್ಪ." ಇಬ್ಬರೂ ಈಗ ಗಾಡಿ ಓಡಿಸಿ ನೋಡಿದ್ದಾರೆ.

ಮೊದಲ ಸಲ ನಾನು ಮಾಡಿದ ತಪ್ಪು ಎಲ್ಲರೂ ಮಾಡುವ ತಪ್ಪೇ. ರ್ಯಾಕ್ ಮೊದಲು ತಂದೆ, ಅಳತೆ ಆಮೇಲೆ ತೆಗೆದೆ. ಗುಜರಿಯಲ್ಲಿ ಮಾರುತಿ 800ರ ರ್ಯಾಕ್ ಒಂದೂವರೆ ಸಾವಿರಕ್ಕೆ ಸಿಕ್ಕಿತು. ಸೆಂಟರ್ ರಾಡ್ (ಬಾಕ್ಸಿನಿಂದ ಎರಡೂ ಬದಿಗೆ ತಿರುವು ಒಯ್ಯುವ ಅಡ್ಡ ಸರಳು) ಮತ್ತು ಅದರ ಇನ್ನೊಂದು ತುದಿ ಹಿಡಿಯುವ ಐಡ್ಲರ್ ಬಿಚ್ಚಿ ಅದೇ ಜಾಗಕ್ಕೆ ಹತ್ತಿರ ಹತ್ತಿರ ಕೂರಿಸಿದೆ. 5 ಎಂಎಂ ಆ್ಯಂಗಲ್‌ನಲ್ಲಿ ಬ್ರಾಕೆಟ್ ಮಾಡಿಸಿ ಒಂದೊಂದು ಕಡೆಗೆ ಎರಡೆರಡು ಬೋಲ್ಟ್ ಹಾಕಿದೆ. ಶೆಡ್ಡಿನಲ್ಲಿ ನೋಡಿದರೆ ಬಹಳ ಚೆಂದ. ಮಗನನ್ನು ಸೀಟಿನಲ್ಲಿ ಕೂರಿಸಿ, ನಿಂತ ಗಾಡಿಯಲ್ಲೇ ಸ್ಟೀರಿಂಗ್ ತಿರುಗಿಸು ಅಂತ ಹೇಳಿ ನಾನು ಕೆಳಗೆ ಮಲಗಿ ಟಾರ್ಚ್ ಹಿಡಿದೆ. ಟೈರ್ ತಿರುಗುವುದಕ್ಕೆ ಮೊದಲು ಬ್ರಾಕೆಟ್ಟೇ ಬಾಗುತ್ತಿತ್ತು. ಎಡಕ್ಕೆ ತಿರುಗಿಸಿದರೆ ರ್ಯಾಕ್ ಟ್ಯೂಬ್ ಕೂಡ ಎಡಕ್ಕೆ ಒಂದು ದಾರದಷ್ಟು ಜಾರುತ್ತದೆ, ಬಿಟ್ಟರೆ ವಾಪಸ್ ಬರುತ್ತದೆ. ಉಸಿರಾಡಿದ ಹಾಗೆ. ಹೊಸ ರ್ಯಾಕ್ ಹಾಕಿದರೂ ಸ್ಟೀರಿಂಗ್ ಸಡಿಲ ಅನ್ನುವವರು ಮೊದಲು ಇದನ್ನು ನೋಡಬೇಕು. ಈಗ ಇರುವುದು 8 ಎಂಎಂ ಪ್ಲೇಟು, ಅಡ್ಡಕ್ಕೆ ಗಸೆಟ್ (ಬಾಗದಂತೆ ತಡೆಯುವ ತ್ರಿಕೋನ ಪಟ್ಟಿ) ಕೊಟ್ಟು, ಎರಡೂ ಬದಿಯ ಬ್ರಾಕೆಟ್‌ಗಳನ್ನು ಒಂದು ಪೈಪಿನಿಂದ ಜೋಡಿಸಿದ್ದು.

ಬ್ರಾಕೆಟ್ ಗಟ್ಟಿ ಮಾಡಿಸಿ ರಿಂಗ್ ರೋಡಿಗೆ ತಗೊಂಡು ಹೋದೆ. ಸಮ ರಸ್ತೆಯಲ್ಲಿ ಗಾಡಿ ಹೊಸದರಂತೆ ಓಡಿತು. ಐವತ್ತರ ವೇಗದಲ್ಲಿ ಒಂದು ತಗ್ಗು ಸಿಕ್ಕಿತು, ಎಡ ಚಕ್ರ ಇಳಿದು ಹತ್ತಿತು, ಅಷ್ಟೇ. ಸ್ಟೀರಿಂಗ್ ನಾನು ಗಟ್ಟಿಯಾಗಿ ಹಿಡಿದೇ ಇದ್ದೆ, ಆದರೂ ಗಾಡಿ ಅರ್ಧ ಅಡಿ ಪಕ್ಕಕ್ಕೆ ಹಾರಿತು. ಪಕ್ಕದಲ್ಲಿ ಲಾರಿ ಇರಲಿಲ್ಲ, ಬಚಾವಾದೆ. ಮೆಕ್ಯಾನಿಕ್ ಹೇಳಿದ್ದ "ರೋಡ್ ಮೇಲೆ ನಿಲ್ಲಲ್ಲ" ಅಂದರೆ ಇದೇ. ಬಂಪ್ ಸ್ಟೀರ್, ಅಂದರೆ ಚಕ್ರ ಮೇಲೆ ಕೆಳಗೆ ಆದಾಗ ತಾನೇ ತಿರುಗಿಬಿಡುವುದು.

ಎರಡನೇ ಸಲ ಒಬ್ಬ ಸ್ನೇಹಿತ ಒಂದು ವ್ಯಾನಿನ ರ್ಯಾಕ್ ಕೊಟ್ಟ. ಅಗಲ ಸರಿ ಹೋಗುತ್ತಿತ್ತು. ಆದರೆ ಅದು ಆಕ್ಸಲ್‌ಗೆ ಮುಂದೆ ಕೂರುವ ರ್ಯಾಕ್. ನಮ್ಮದು ಹಿಂದೆ. ಹಾಗೇ ಹಾಕಿದರೆ ಎಡಕ್ಕೆ ತಿರುಗಿಸಿದಾಗ ಚಕ್ರ ಬಲಕ್ಕೆ ಹೋಗುತ್ತದೆ. ತಲೆಕೆಳಗು ಮಾಡಿ ಕೂರಿಸಬಹುದು ಅಂತ ಲೆಕ್ಕ ಹಾಕಿದೆ. ತಲೆಕೆಳಗು ಮಾಡಿದರೆ ಪಿನಿಯನ್ ಬಾಯಿ ನೆಲ ನೋಡುತ್ತದೆ, ಶಾಫ್ಟ್ ತರಲು ದಾರಿಯೇ ಇಲ್ಲ. ಒಂದು ಭಾನುವಾರ ಪೂರ್ತಿ ಹೋಯಿತು. ಅಂಬಾಸಿಡರ್ ರ್ಯಾಕನ್ನೂ ಅಳೆದು ನೋಡಿದೆ, ಉದ್ದ ತುಂಬಾ ಜಾಸ್ತಿ.

ಆಮೇಲೆ ಹೊಳೆದದ್ದೇ ಈ ಇಡೀ ಕೆಲಸದ ಜೀವಾಳ. ಯಾವ ಕಂಪನಿ ರ್ಯಾಕ್ ಅನ್ನುವುದಲ್ಲ ಪ್ರಶ್ನೆ. ಒಳಗಿನ ಎರಡು ಬಾಲ್ ಜಾಯಿಂಟ್‌ಗಳ ನಡುವೆ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ, ಇಷ್ಟೇ. ಆ ಎರಡು ಅಳತೆ ಕಂಡುಹಿಡಿಯಲು ದೊಡ್ಡ ಲೆಕ್ಕ ಬೇಕಾಗಿಲ್ಲ. ಫಿಯಟ್‌ನವರೇ ಮಾಡಿಟ್ಟಿದ್ದಾರೆ. ಹಳೇ ಸೆಂಟರ್ ರಾಡಿಗೆ ಎರಡೂ ಬದಿಯ ಟೈ ರಾಡ್ (ಚಕ್ರವನ್ನು ಎಳೆದು ತಳ್ಳುವ ಸರಳು) ಎಲ್ಲಿ ಸೇರುತ್ತದೋ ಅದೇ ಜಾಗದಲ್ಲಿ ರ್ಯಾಕಿನ ಜಾಯಿಂಟ್ ಬರಬೇಕು. ನಾನು ಸೆಂಟರ್ ರಾಡ್ ಬಿಚ್ಚಿ ಮೂಲೆಗೆ ಎಸೆದಿದ್ದೆ! ಅದನ್ನು ವಾಪಸ್ ಹಾಕಿ, ಚಕ್ರ ನೇರ ಮಾಡಿ, ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡೆ. ಅಳೆದರೆ 800ರ ರ್ಯಾಕ್ ನನ್ನ ಗಾಡಿಗೆ ಒಂದೊಂದು ಬದಿಯಲ್ಲೂ ಸುಮಾರು ಒಂದೂಕಾಲು ಇಂಚು ಕಿರಿದು. ನಿಮ್ಮ ಗಾಡಿಯಲ್ಲಿ ನೀವೇ ಅಳೆಯಿರಿ. ನಲವತ್ತು ವರ್ಷ ಓಡಿದ ಗಾಡಿಗಳಲ್ಲಿ ಒಂದು ಇನ್ನೊಂದರ ಹಾಗೆ ಇರುವುದಿಲ್ಲ.

ಹಾಗಾದರೆ ಬೇರೆ ರ್ಯಾಕ್ ಹುಡುಕಬೇಕಿತ್ತಲ್ವಾ? ಹುಡುಕಲಿಲ್ಲ. ಮಾರುತಿ 800 ಮೂವತ್ತು ವರ್ಷ ಬಂದ ಗಾಡಿ. ಅದರ ಬೂಟು (ರ್ಯಾಕಿನ ರಬ್ಬರ್ ಮುಚ್ಚಳ), ರ್ಯಾಕ್ ಎಂಡು (ತುದಿಯ ಬಾಲ್ ಜಾಯಿಂಟ್) ಮದ್ದೂರಿನ ಅಂಗಡಿಯಲ್ಲೂ ಸಿಗುತ್ತದೆ. ನಡುರಸ್ತೆಯಲ್ಲಿ ಕೈ ಕೊಟ್ಟರೆ ಅದೇ ಮುಖ್ಯ. ಈ ಸಲ ಗುಜರಿ ಬೇಡ ಅಂತ ಹೊಸ ರ್ಯಾಕ್ ತಂದೆ, ನಾಲ್ಕು ಸಾವಿರದ ಒಳಗೆ. ರ್ಯಾಕ್ ತುದಿಗೂ ರ್ಯಾಕ್ ಎಂಡಿಗೂ ನಡುವೆ ಹಾಕಲು ಇಎನ್ 24 ಅನ್ನುವ ಗಟ್ಟಿ ಉಕ್ಕಿನ ರಾಡಿನಲ್ಲಿ ಎರಡು ಎಕ್ಸ್‌ಟೆನ್ಶನ್ ಮಾಡಿಸಿದೆ. ಒಂದು ತುದಿ ಗಂಡು ಥ್ರೆಡ್, ಇನ್ನೊಂದು ತುದಿ ಹೆಣ್ಣು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಲೇತ್ ಅಣ್ಣ ಮೊದಲು ಮಾಡಲು ಒಪ್ಪಲಿಲ್ಲ. "ಸ್ಟೀರಿಂಗ್ ಐಟಮ್ಮು ಸಾರ್, ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ" ಅಂದರು. ಸರಿಯಾದ ಮಾತೇ. ಥ್ರೆಡ್ ವ್ಯಾಸದ ಒಂದೂವರೆ ಪಟ್ಟು ಆಳ ಹಿಡಿಯಲೇಬೇಕು, ಸ್ಕೆಚ್ ಮಾಡಿ ತರ್ತೀನಿ ಅಂದ ಮೇಲೆ ಒಪ್ಪಿದರು. ಮೊದಲ ಜೊತೆಯನ್ನು ನಾನೇ ವೈಸಿಗೆ ಹಾಕಿ, ನಾಲ್ಕಡಿ ಪೈಪ್ ಸಿಗಿಸಿ ಬಗ್ಗಿಸಿ ನೋಡಿದೆ. ಪೈಪ್ ಬಗ್ಗಿತು, ಪೀಸ್ ಬಗ್ಗಲಿಲ್ಲ. ಆ ಜೊತೆ ಎಸೆದು ಹೊಸದು ಮಾಡಿಸಿ ಗಾಡಿಗೆ ಹಾಕಿದೆ.

ಹೊರಗಿನ ಟೈ ರಾಡ್ ಎಂಡು ಫಿಯಟ್‌ದೇ ಇಟ್ಟೆ. ಮಾರುತಿಯದರ ಟೇಪರ್ (ಮೊನಚಾಗುವ ಓರೆ) ಫಿಯಟ್ ಆರ್ಮ್‌ಗೆ ಕೂರುವುದಿಲ್ಲ. ಚಕ್ರ ತಿರುಗಿಸುವ ಆ ಆರ್ಮನ್ನು ರೀಮ್ ಮಾಡುವುದು (ತೂತು ಹಿಗ್ಗಿಸುವುದು), ಬಿಸಿ ಮಾಡಿ ಬಗ್ಗಿಸುವುದು ನನಗೆ ಒಪ್ಪಿಗೆಯಿಲ್ಲ. ನಡುವಿನ ಸ್ಲೀವ್ ಮಾತ್ರ ಹೊಸದು, ಎರಡು ಬದಿ ಚೆಕ್‌ನಟ್. ರೋಸ್ ಜಾಯಿಂಟ್ (ರಬ್ಬರ್ ಮುಚ್ಚಳವಿಲ್ಲದ ಬಾಲ್ ಜಾಯಿಂಟ್) ಹಾಕು ಅಂತ ಒಬ್ಬರು ಹೇಳಿದ್ದರು. ಹಾಕಿ ನೋಡಿದೆ. ಕಬ್ಬಿನ ಸೀಸನ್ನಿನಲ್ಲಿ ಮಂಡ್ಯ ಕಡೆ ಎರಡು ಸಲ ಓಡಾಡಿದ್ದೇ, ಕೆಸರು ಮಣ್ಣು ಸೇರಿ ಕಟಕಟ ಅನ್ನಲು ಶುರುವಾಯಿತು. ತೆಗೆದು ಬಿಸಾಕಿದೆ. ಎರಡು ಸಾವಿರ ದಂಡ.

ಇನ್ನು ಬಂಪ್ ಸ್ಟೀರ್. ಇದಕ್ಕೆ ಗೇಜು ಕೊಳ್ಳಲು ಹೋಗಲಿಲ್ಲ. ಎರಡೂ ಮುಂದಿನ ಚಕ್ರ ಬಿಚ್ಚಿ, ಸ್ಪ್ರಿಂಗ್ ತೆಗೆದು, ಸ್ಟೀರಿಂಗ್ ನೇರಕ್ಕೆ ಕಟ್ಟಿಹಾಕಿದೆ. ಮಗನ ಲೇಸರ್ ಪಾಯಿಂಟರನ್ನು ಬ್ರೇಕ್ ಡ್ರಮ್ಮಿಗೆ ಬಿಗಿದು ಹತ್ತಡಿ ದೂರದ ಗೋಡೆಗೆ ಬಿಟ್ಟೆ. ಜ್ಯಾಕಿನಿಂದ ಡ್ರಮ್ಮನ್ನು ಅರ್ಧರ್ಧ ಇಂಚು ಎತ್ತುವುದು, ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡುವುದು. ರಾತ್ರಿ ಮಾಡಿದರೆ ಚುಕ್ಕೆ ಚೆನ್ನಾಗಿ ಕಾಣುತ್ತದೆ. ಹಳೇ ಕಿರಿದಾದ ರ್ಯಾಕಿನಲ್ಲಿ ಎತ್ತಿದರೂ ಚುಕ್ಕೆ ಒಳಗೆ ಬಂತು, ಇಳಿಸಿದರೂ ಒಳಗೇ ಬಂತು, ಎರಡು ಇಂಚಿನ ಮೇಲೆ. ಮೇಲೆ ಕೆಳಗೆ ಎರಡಕ್ಕೂ ಒಂದೇ ಕಡೆ ಸರಿದರೆ ಟೈ ರಾಡ್ ಉದ್ದದ ತಪ್ಪು. ಎತ್ತಿದಾಗ ಒಂದು ಕಡೆ, ಇಳಿಸಿದಾಗ ಇನ್ನೊಂದು ಕಡೆ ಹೋದರೆ ರ್ಯಾಕ್ ಎತ್ತರದ ತಪ್ಪು. ಇದನ್ನು ಅರ್ಥ ಮಾಡಿಕೊಂಡ ದಿನ ನಿಜವಾಗಿ ಖುಷಿಯಾಯಿತು. ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಮೊದಲ ತಪ್ಪು ಮಾಯ. ಉಳಿದ ಓರೆ ತೆಗೆಯಲು ರ್ಯಾಕ್ ಕೆಳಗೆ ಶಿಮ್ (ತೆಳು ಪಟ್ಟಿ) ಹಾಕುತ್ತಾ ಬಂದೆ. 3 ಎಂಎಂ, 6, 9. ಒಂಬತ್ತಕ್ಕೆ ಚುಕ್ಕೆ ಕಾಲು ಇಂಚೂ ಅಲ್ಲಾಡಲಿಲ್ಲ. ಆ ಪೆನ್ಸಿಲ್ ಗುರುತು ಇನ್ನೂ ಗೋಡೆ ಮೇಲಿದೆ, ಸುಣ್ಣ ಹೊಡೆಸಲು ಬಿಟ್ಟಿಲ್ಲ.

ರ್ಯಾಕ್ ಎತ್ತರ ಬದಲಾದಾಗ ಎಂಜಿನ್ ಸಂಪ್ (ತಳದ ಆಯಿಲ್ ತೊಟ್ಟಿ) ಹತ್ತಿರ ಬಂತು. ಎಂಜಿನ್ ಮೌಂಟ್ ಮೇಲೆ ಅಲ್ಲಾಡುವ ಕಾರಣ ನಿಂತಾಗ ಅಳೆದರೆ ಪ್ರಯೋಜನವಿಲ್ಲ. ಮನೆಯಲ್ಲಿ ಚಪಾತಿ ಹಿಟ್ಟಿನ ಎರಡು ಉಂಡೆ ಕೇಳಿ ತಂದು ಸಂಪ್ ಕೆಳಗೆ ಅಂಟಿಸಿ, ಜೋರಾಗಿ ಕ್ಲಚ್ ಬಿಟ್ಟು ಒಂದು ರೌಂಡ್ ಹೋಗಿ ಬಂದೆ. ಚಪ್ಪಟೆಯಾದ ಉಂಡೆಯ ದಪ್ಪ ನೋಡಿದರೆ ಗೊತ್ತಾಗುತ್ತದೆ. ಒಂದು ಕಡೆ 4 ಎಂಎಂ ಮಾತ್ರ ಉಳಿದಿತ್ತು. ಹೊಸ ಎಂಜಿನ್ ಮೌಂಟ್ ಹಾಕಿದ ಮೇಲೆ ಅರ್ಧ ಇಂಚು ಸಿಕ್ಕಿತು.

ಇನ್ನು ಕಾಲಂ, ಅಂದರೆ ಸ್ಟೀರಿಂಗ್ ಚಕ್ರದಿಂದ ಕೆಳಗೆ ಬರುವ ಶಾಫ್ಟಿನ ವಿಷಯ. ಹಳೇ ಶಾಫ್ಟ್ ಕತ್ತರಿಸಲು ಮನಸ್ಸು ಬರಲಿಲ್ಲ. ಗುಜರಿಗೆ ಬಂದಿದ್ದ ಇನ್ನೊಂದು ಪದ್ಮಿನಿಯಿಂದ ಎರಡೂವರೆ ಸಾವಿರಕ್ಕೆ ಕಾಲಂ ತಂದು ಅದನ್ನು ಕತ್ತರಿಸಿದೆ. ಕೆಳಗೆ ಒಂದು ಬೇರಿಂಗ್ ಆಸರೆ, ಅಲ್ಲಿಂದ ಎರಡು ಯೂನಿವರ್ಸಲ್ ಜಾಯಿಂಟ್. ಸೇರುವ ಜಾಗಕ್ಕೆ ಸ್ಲೀವ್, ಅಡ್ಡ ಪಿನ್, ಆಮೇಲೆ ವೆಲ್ಡ್. ಬರೀ ವೆಲ್ಡ್ ನಂಬಬೇಡಿ. ಮೊದಲ ಸಲ ಜೋಡಿಸಿದಾಗ ಸ್ಟೀರಿಂಗ್ ಒಂದು ಸುತ್ತಿಗೆ ಎರಡು ಸಲ ಬಿಗಿ, ಎರಡು ಸಲ ಸಡಿಲ. ರ್ಯಾಕೇ ಕೆಟ್ಟಿದೆ ಅಂದುಕೊಂಡು ಬಿಚ್ಚಿ ನೋಡಿ ಎರಡು ದಿನ ಹಾಳು ಮಾಡಿದೆ. ನಡುವಿನ ಶಾಫ್ಟಿನ ಎರಡು ಯೋಕ್ (ಜಾಯಿಂಟಿನ ಕವೆ) ಒಂದೇ ನೇರಕ್ಕೆ ಇರಲಿಲ್ಲ, ಅಷ್ಟೇ. ಒಂದಕ್ಕೊಂದು ನೇರ ಮಾಡಿ ಸಿಗಿಸಿದ ತಕ್ಷಣ ಬೆಣ್ಣೆ. ಗೇರ್ ರಾಡಿನ ಕೆಳಗಿನ ಆಸರೆಯನ್ನೂ ಬೇರೆ ಮಾಡಿಸಬೇಕಾಯಿತು. ಅದನ್ನು ಹೇಗೆ ಮಾಡಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಆಸೆ ಬಂತು, ಸಣ್ಣ ಕಾರೊಂದರ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಕಾಲಂ ಹಾಕೋಣ ಅಂತ. 800ಕ್ಕಿಂತ ನಮ್ಮ ಗಾಡಿ ಭಾರ, ನಿಂತಲ್ಲಿ ತಿರುಗಿಸಲು ತೋಳು ಬೇಕು. ಐದು ಸಾವಿರ ಕೊಟ್ಟು ತಂದು ಬೆಂಚಿನ ಮೇಲೆ ಓಡಿಸಿದೆ, ಓಡಿತು. ಗಾಡಿಗೆ ಕಟ್ಟಿ ಐಡ್ಲಿಂಗ್‌ನಲ್ಲಿ ತಿರುಗಿಸಿದರೆ ಹೆಡ್‌ಲೈಟ್ ದೀಪದ ಬತ್ತಿಯಷ್ಟಾಯಿತು. ಅಷ್ಟು ಕರೆಂಟ್ ಕೊಡುವ ಶಕ್ತಿ ನಮ್ಮ ಗಾಡಿಗಿಲ್ಲ. ಈಗ ಅದು ಅಟ್ಟದ ಮೇಲಿದೆ. ಟೈರ್‌ಗೆ ಗಾಳಿ ಎರಡು ಪೌಂಡ್ ಜಾಸ್ತಿ ಹಾಕಿದ್ದೇ ಎಷ್ಟೋ ಉಪಕಾರವಾಯಿತು.

ಒಂದು ಕೊರತೆ ಉಳಿದಿದೆ. ರ್ಯಾಕಿನ ಓಟ ಕಡಿಮೆ, ಹಾಗಾಗಿ ಪೂರ್ತಿ ತಿರುಗುವುದು ಸ್ವಲ್ಪ ಕಮ್ಮಿಯಾಗಿದೆ. ಮೊದಲು ನಮ್ಮ ಬೀದಿಯಲ್ಲಿ ಒಂದೇ ಏಟಿಗೆ ಯೂ ಟರ್ನ್ ಆಗುತ್ತಿತ್ತು, ಈಗ ಒಂದು ರಿವರ್ಸ್ ಬೇಕು. ನನಗೆ ಅದು ಒಪ್ಪಿಗೆ.

ಆರ್‌ಟಿಒ ವಿಚಾರದಲ್ಲಿ ಹುಷಾರಾಗಿರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಾಗುವುದನ್ನು ಒಪ್ಪುವುದಿಲ್ಲ. ಮೊದಲೇ ಹೋಗಿ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಇನ್ನೊಂದು ವಿಷಯ, 2021ರ ವಿಂಟೇಜ್ ನಿಯಮದಲ್ಲಿ ಐವತ್ತು ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್ ಬಾಡಿ ಬದಲಿಸಿರಬಾರದು. ನನ್ನದು 2028ಕ್ಕೆ ಐವತ್ತಾಗುತ್ತದೆ. ಅದಕ್ಕೇ ಚಾಸಿಸ್‌ನಲ್ಲಿ ಒಂದು ಹೊಸ ತೂತನ್ನೂ ಕೊರೆದಿಲ್ಲ. ಬ್ರಾಕೆಟ್ ಪೂರ್ತಿ ಇರುವ ತೂತುಗಳಲ್ಲೇ ಕೂರುತ್ತದೆ. ಹಳೇ ಬಾಕ್ಸ್, ಸೆಂಟರ್ ರಾಡ್, ಐಡ್ಲರ್, ಕಾಲಂ ಎಲ್ಲ ಗ್ರೀಸ್ ಹಚ್ಚಿ ಮರದ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಒಂದು ಶನಿವಾರ, ಭಾನುವಾರ ಸಿಕ್ಕರೆ ವಾಪಸ್ ಹಾಕಬಹುದು.

ಖರ್ಚು ಒಟ್ಟು ಮೂವತ್ತೆಂಟು ಸಾವಿರದ ಆಸುಪಾಸು. ಅದರಲ್ಲಿ ಹದಿನಾಲ್ಕು ಸಾವಿರ ಕಲಿಯುವುದಕ್ಕೆ ಹೋದದ್ದು. ಲೇತ್ ಕೆಲಸಕ್ಕೇ ಏಳು ಸಾವಿರ. ಅಲೈನ್‌ಮೆಂಟ್ ಐದು ಸಲ ಮಾಡಿಸಿದೆ. ಗೊತ್ತಿದ್ದವರು ಇದನ್ನೇ ಇಪ್ಪತ್ನಾಲ್ಕು ಸಾವಿರದ ಆಸುಪಾಸಿನಲ್ಲಿ ಮುಗಿಸಬಹುದು. ಈಗ ನಾಲ್ಕು ಸಾವಿರ ಕಿಲೋಮೀಟರ್ ಓಡಿದೆ, ಎರಡು ಸಲ ಬೂಟ್ ಬಿಚ್ಚಿ ನೋಡಿದ್ದೇನೆ, ಎಕ್ಸ್‌ಟೆನ್ಶನ್ ಮೇಲೆ ಹಾಕಿದ ಪೇಂಟ್ ಗೆರೆ ಕೂದಲೆಳೆಯಷ್ಟೂ ಸರಿದಿಲ್ಲ.

ಮೊನ್ನೆ ಲೇತ್ ಅಣ್ಣ ಫೋನ್ ಮಾಡಿದ್ದರು. ಶ್ರೀರಂಗಪಟ್ಟಣದ ಕಡೆಯವರೊಬ್ಬರು ಪದ್ಮಿನಿ ತಂದು ನಿಲ್ಲಿಸಿದ್ದಾರಂತೆ, ಅದೇ ಎಕ್ಸ್‌ಟೆನ್ಶನ್ ಬೇಕಂತೆ. "ಸಾರ್, ನಿಮ್ಮ ಸ್ಕೆಚ್ಚಲ್ಲೇ ಮಾಡಿಬಿಡ್ಲಾ?" ಬೇಡ ಅಂದೆ. ಸೆಂಟರ್ ರಾಡ್ ಬಿಚ್ಚದೆ ಹಾಗೇ ಇರಲಿ, ಭಾನುವಾರ ಬೆಳಿಗ್ಗೆ ದಾರ, ಸೀಮೆಸುಣ್ಣ ತಗೊಂಡು ನಾನೇ ಬರ್ತೀನಿ ಅಂತ ಹೇಳಿದ್ದೇನೆ.