ಮಳೆಯಿಂದ ತಟ್ಟೆಯವರೆಗೆ: ಹವಾಮಾನ ಹೊಂದಾಣಿಕೆಯ ಪ್ರಸ್ತಾವನೆ ಕಟ್ಟುವ ಬಗೆ

ಪುಣೆಯಲ್ಲಿ ಕೂತು ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಗಾಗಿ ಯೋಜನೆ ಬರೆಯುವ ಕನ್ನಡದವರು ಹಲವರಿದ್ದೇವೆ. ಆ ಊರುಗಳಲ್ಲಿ ಅನೇಕರ ಮನೆಮಾತು ಕನ್ನಡ, ಪಂಚಾಯ್ತಿ ಕಾಗದ ಮರಾಠಿ, ದಾನಿಗೆ ಹೋಗುವುದು ಇಂಗ್ಲಿಷ್. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ಹವಾಮಾನ ಹೊಂದಾಣಿಕೆಗೆ, ಅಂದರೆ ಬದಲಾಗುತ್ತಿರುವ ಹವಾಮಾನಕ್ಕೆ ತಕ್ಕಂತೆ ಬೇಸಾಯ, ಬದುಕನ್ನು ಹೊಂದಿಸಿಕೊಳ್ಳುವ ಕೆಲಸಕ್ಕೆ, ದಾನಿಗಳಿಂದ ಹಣ ಕೇಳುವ ಪ್ರಸ್ತಾವನೆಯನ್ನು ನಾನು ಕಟ್ಟುವ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ತಿರಸ್ಕಾರಗೊಳ್ಳುವ ಪ್ರಸ್ತಾವನೆಗಳಲ್ಲಿ ಸಾಮಾನ್ಯವಾಗಿ ಮೂರು ವಾಕ್ಯ ಇರುತ್ತವೆ: ಮಳೆ ಕಡಿಮೆಯಾಗುತ್ತಿದೆ, ರೈತರು ಬಡವರು, ಆದ್ದರಿಂದ ಕೃಷಿಹೊಂಡ ಬೇಕು. ಮೂರೂ ನಿಜವಿರಬಹುದು, ಆದರೆ ಒಂದರಿಂದ ಇನ್ನೊಂದಕ್ಕೆ ದಾರಿಯೇ ಇರುವುದಿಲ್ಲ. ಹಾಗಾಗಿ ನಾನು ದಾನಿಯ ಅರ್ಜಿ ನಮೂನೆ ತೆರೆಯುವ ಮೊದಲೇ ಒಂದು ಸರಣಿ ಬರೆದುಕೊಳ್ಳುತ್ತೇನೆ: ಹವಾಮಾನದ ಯಾವ ಬದಲಾವಣೆ, ಯಾವ ತಿಂಗಳು, ಯಾವ ಬೆಳೆಯ ಯಾವ ಹಂತ, ಯಾರ ಮನೆ, ಆ ಮನೆಯ ತಟ್ಟೆಯಿಂದ ಏನು ಮಾಯವಾಗುತ್ತದೆ, ನಮ್ಮ ಚಟುವಟಿಕೆ ಈ ಸರಣಿಯನ್ನು ಎಲ್ಲಿ ತಡೆಯುತ್ತದೆ.

ಜತ್ತದ ಕಡೆಗೆ ಅದು ಹೀಗೆ ಬರುತ್ತದೆ. ಸೆಪ್ಟೆಂಬರ್ ಮಳೆ ಕೈಕೊಟ್ಟರೆ ಎರೆ ಹೊಲದಲ್ಲಿ ಹಿಂಗಾರಿ ಜೋಳಕ್ಕೆ ಬೇಕಾದ ಹಸಿ ನಿಲ್ಲುವುದಿಲ್ಲ. ಜೋಳ ಬಿತ್ತುವುದು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ, ಆಮೇಲೆ ಬೆಳೆ ಬದುಕುವುದು ಮಣ್ಣಲ್ಲಿ ಉಳಿದ ಹಸಿಯ ಮೇಲೆಯೇ. ಜೋಳ ಹೋದರೆ ರೊಟ್ಟಿ ಹೋಯಿತು, ಜೊತೆಗೆ ಕಣಿಕೆಯೂ ಹೋಯಿತು. ಮೇವಿಲ್ಲದೆ ಎಮ್ಮೆ ಮಾರಿದರೆ ಮಕ್ಕಳ ಹಾಲೂ ನಿಂತಿತು. ಈ ಎರಡನೆಯ ಕವಲು, ಅಂದರೆ ಮೇವಿನದು, ಎಷ್ಟೋ ಪ್ರಸ್ತಾವನೆಗಳಲ್ಲಿ ಇರುವುದೇ ಇಲ್ಲ. ಆಹಾರ ಭದ್ರತೆ ಎಂದು ಶೀರ್ಷಿಕೆ ಕೊಟ್ಟು ಕ್ವಿಂಟಾಲ್ ಲೆಕ್ಕ ಮಾತ್ರ ಕೊಟ್ಟರೆ ಅದು ಬರೀ ಇಳುವರಿ ಯೋಜನೆ.

ಸರಣಿಯ ಮೊದಲ ಕೊಂಡಿ ಮಳೆ, ದಾನಿಯ ಕಡೆಯ ಪರಿಶೀಲಕರು ಮೊದಲು ಎಳೆದು ನೋಡುವುದೂ ಅದನ್ನೇ. ಭಾರತೀಯ ಹವಾಮಾನ ಇಲಾಖೆಯ ಪುಣೆ ಕಚೇರಿ ದೈನಂದಿನ ಮಳೆಯ ಗ್ರಿಡ್ ದತ್ತಾಂಶವನ್ನು 1901ರಿಂದ ಉಚಿತವಾಗಿ ಕೊಡುತ್ತದೆ. ಅದರ ಅಳತೆ 0.25 ಡಿಗ್ರಿ, ಅಂದರೆ ಒಂದು ಚೌಕ ಸುಮಾರು 27 ಕಿಲೋಮೀಟರ್ ಅಗಲ. ಒಂದೇ ಚೌಕದಲ್ಲಿ ಹತ್ತಾರು ಹಳ್ಳಿಗಳು ಬೀಳುವುದರಿಂದ ‘ನಮ್ಮ ಊರಿನ ಮಳೆ’ ಎಂದು ಅದನ್ನು ತೋರಿಸಬಾರದು. ದೀರ್ಘಾವಧಿಯ ಪ್ರವೃತ್ತಿಗೆ ಗ್ರಿಡ್, ಇತ್ತೀಚಿನ ವರ್ಷಗಳಿಗೆ ಮಹಾರಾಷ್ಟ್ರ ಕೃಷಿ ಇಲಾಖೆಯ ಕಂದಾಯ ಮಂಡಲವಾರು ಮಳೆ ದಾಖಲೆ: ಎರಡನ್ನೂ ಇಟ್ಟು, ಯಾವುದು ಯಾವುದಕ್ಕೆ ಎಂದು ಬರೆಯುತ್ತೇನೆ.

ವಾರ್ಷಿಕ ಮೊತ್ತದ ಗ್ರಾಫ್ ಬಹಳ ಕಡೆ ಏನೂ ಹೇಳುವುದಿಲ್ಲ. ರೇಖೆ ಮೇಲೆ ಕೆಳಗೆ ಕುಣಿಯುತ್ತದೆ, ಇಳಿಯುವುದಿಲ್ಲ. ಆಗಲೂ ‘ಮಳೆ ಕುಸಿದಿದೆ’ ಎಂದು ಬರೆದರೆ ಪರಿಶೀಲಕರು ಅದೇ ದತ್ತಾಂಶ ತೆಗೆದು ನೋಡಿ ವಾಪಸ್ ಕಳಿಸುತ್ತಾರೆ. ಬೆಳೆಗೆ ತಾಗುವುದನ್ನು ಅಳೆಯಬೇಕು. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನವೇ ಮಳೆದಿನ ಎಂಬುದು ಹವಾಮಾನ ಇಲಾಖೆಯ ಲೆಕ್ಕ. ಅದರಂತೆ ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ರತಿ ವರ್ಷದ ಅತಿ ಉದ್ದದ ಒಣ ಅವಧಿ, ಹತ್ತು ದಿನಕ್ಕಿಂತ ಹೆಚ್ಚಿನ ಒಣ ಅವಧಿಗಳ ಸಂಖ್ಯೆ, ಸೆಪ್ಟೆಂಬರ್ ಎರಡನೆಯ ಪಾಕ್ಷಿಕದ ಮಳೆ, ಇವನ್ನು ತೆಗೆಯುತ್ತೇನೆ. 1991–2020ನ್ನು ಆಧಾರ ಅವಧಿಯಾಗಿಟ್ಟು ಮಾನ್-ಕೆಂಡಾಲ್ ಪರೀಕ್ಷೆ ಮಾಡಿದರೆ ಪ್ರವೃತ್ತಿ ಇದೆಯೋ ಇಲ್ಲವೋ ತಿಳಿಯುತ್ತದೆ. ಇಲ್ಲದಿದ್ದರೆ ಇಲ್ಲ ಎಂದೇ ಬರೆಯಬೇಕು. ಏರಿಳಿತವೇ ಹೆಚ್ಚು ಎಂಬುದೂ ಹೊಂದಾಣಿಕೆಗೆ ಸಾಕಷ್ಟು ಕಾರಣ.

ದೇಶದ ಅಂಕಿಯನ್ನು ತಾಲ್ಲೂಕಿಗೆ ಅಂಟಿಸುವುದು ಇನ್ನೊಂದು ರೋಗ. ಪುಣೆಯ ಉಷ್ಣವಲಯ ಹವಾಮಾನ ಸಂಶೋಧನಾ ಸಂಸ್ಥೆ (ಐಐಟಿಎಂ) ಸಿದ್ಧಪಡಿಸಿದ 2020ರ ವರದಿ ಭಾರತದ ಸರಾಸರಿ ಉಷ್ಣಾಂಶ 1901–2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ, ಮುಂಗಾರು ಮಳೆ 1951–2015ರಲ್ಲಿ ಸುಮಾರು 6% ತಗ್ಗಿದೆ ಎನ್ನುತ್ತದೆ. ಹಿನ್ನೆಲೆಗೆ ಒಂದು ವಾಕ್ಯ ಅಷ್ಟೇ ಅದರ ಜಾಗ. ಜಿಲ್ಲೆಯ ಮಟ್ಟಕ್ಕೆ ಹೈದರಾಬಾದಿನ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ (ಕ್ರಿಡಾ) 573 ಗ್ರಾಮೀಣ ಜಿಲ್ಲೆಗಳಿಗೆ ಮಾಡಿರುವ ಅಪಾಯ ಮೌಲ್ಯಮಾಪನ ಇದೆ, ಪ್ರತಿ ಜಿಲ್ಲೆಯ ಆಕಸ್ಮಿಕ ಬೆಳೆ ಯೋಜನೆಯೂ ಇದೆ. ಮುಂಗಾರು ಎರಡು ವಾರ ತಡವಾದರೆ ಯಾವ ಬೆಳೆ, ನಾಲ್ಕು ವಾರವಾದರೆ ಯಾವುದು ಎಂದು ಅದರಲ್ಲಿ ಕೋಷ್ಟಕವೇ ಇರುತ್ತದೆ. ನಮ್ಮ ಚಟುವಟಿಕೆ ಅದಕ್ಕೆ ವಿರುದ್ಧವಾಗಿದ್ದರೆ ಕಾರಣ ಕೊಡಬೇಕು.

ಇಲ್ಲಿಗೆ ಕಠಿಣ ಪ್ರಶ್ನೆ ಬರುತ್ತದೆ: ಇದು ಹವಾಮಾನ ಹೊಂದಾಣಿಕೆಯೋ, ಬಾಕಿ ಉಳಿದ ಅಭಿವೃದ್ಧಿಯೋ? ಗೋವಾದ ಖಾಜಣ ಭೂಮಿ ಇದಕ್ಕೆ ತಕ್ಕ ಉದಾಹರಣೆ. ಮಾಂಡೋವಿ, ಜುವಾರಿ ಹಿನ್ನೀರಿನ ಪಕ್ಕ ಒಡ್ಡು ಕಟ್ಟಿ, ತೂಬಿನ ಬಾಗಿಲಿನಿಂದ ಉಪ್ಪುನೀರು ತಡೆದು ಭತ್ತ ಬೆಳೆಯುವ ಹಳೆಯ ವ್ಯವಸ್ಥೆ ಅದು. ಒಡ್ಡು ಒಡೆದು ಗದ್ದೆಗೆ ಉಪ್ಪು ನುಗ್ಗಿದರೆ ‘ಸಮುದ್ರಮಟ್ಟ ಏರಿಕೆ’ ಎಂದು ಬರೆಯುವುದು ಸುಲಭ. ಆದರೆ ಒಡ್ಡಿನ ದುರಸ್ತಿ ನಿಂತಿದ್ದರೆ, ಗದ್ದೆ ಬೀಳುಬಿಟ್ಟು ನೋಡುವವರಿಲ್ಲದಿದ್ದರೆ, ಅದು ನಿರ್ವಹಣೆಯ ಸಮಸ್ಯೆ. ನಾನು ಎರಡನ್ನೂ ಬೇರೆ ಬೇರೆ ಬರೆಯುತ್ತೇನೆ. ಹಳೆಯ ಎತ್ತರಕ್ಕೆ ಒಡ್ಡು ದುರಸ್ತಿ ಮಾಡುವ ಖರ್ಚು ಒಂದು ಸಾಲು. ಮುಂದಿನ ಉಬ್ಬರದ ಅಂದಾಜಿಗೆ ತಕ್ಕಂತೆ ಎತ್ತರಿಸುವುದು, ಕೋರ್ಗುಟ್‌ನಂಥ ಉಪ್ಪು ತಾಳುವ ಭತ್ತದ ಬೀಜ, ಹಳೆ ಗೋವಾದ ಐಸಿಎಆರ್ ಕೃಷಿ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಗೋವಾ ಧನ್ ತಳಿಗಳು ಇನ್ನೊಂದು ಸಾಲು. ಮೊದಲನೆಯದಕ್ಕೆ ಸ್ಥಳೀಯ ರೈತ ಸಂಘವನ್ನೋ ಸರಕಾರಿ ಯೋಜನೆಯನ್ನೋ ತೋರಿಸಿದರೆ ಎರಡನೆಯದಕ್ಕೆ ಹವಾಮಾನ ನಿಧಿ ಕೇಳಲು ನೆಲೆ ಸಿಗುತ್ತದೆ.

ಕೃಷಿಹೊಂಡದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 30×30 ಮೀಟರ್, ಆಳ 3, ಇಳಿಜಾರು 1:1 ಇರುವ ಹೊಂಡದಲ್ಲಿ ಹಿಡಿಯುವುದು 2,196 ಘನ ಮೀಟರ್. ಒಂದು ಎಕರೆಗೆ 50 ಮಿ.ಮೀ.ನ ಒಂದು ರಕ್ಷಣಾ ನೀರಾವರಿಗೆ (ಒಣಗುವ ಬೆಳೆ ಉಳಿಸಲು ಹಾಯಿಸುವ ನೀರಿಗೆ) ಸುಮಾರು 202 ಘನ ಮೀಟರ್ ಬೇಕು. ಕಾಗದದ ಮೇಲೆ ಹತ್ತು ಎಕರೆ ಆಯಿತು. ಆದರೆ ತುಂಬಿದ ಹೊಂಡದ 900 ಚದರ ಮೀಟರ್ ಮೇಲ್ಮೈಯಿಂದ ದಿನಕ್ಕೆ 7 ಮಿ.ಮೀ. ಆವಿಯಾದರೆ 6.3 ಘನ ಮೀಟರ್ ಹೋಯಿತು, ತಿಂಗಳಿಗೆ 189, ಅಂದರೆ ಹೆಚ್ಚುಕಡಿಮೆ ಒಂದು ಎಕರೆಯ ನೀರು. ಹಾಗಾಗಿ ಹೊಂಡ ಎಂದರೆ ಬೇಸಿಗೆಯ ದಾಸ್ತಾನಲ್ಲ, ಒಣ ಅವಧಿ ಬಂದಾಗಲೇ ಜೋಳಕ್ಕೋ ತೊಗರಿಗೋ ಒಂದೆರಡು ಬಾರಿ ಹಾಯಿಸುವ ನೀರು ಎಂದು ವಿನ್ಯಾಸ ಮಾಡಬೇಕು. ಮಹಾರಾಷ್ಟ್ರದ ಹಲವು ಕಡೆ ಪ್ಲಾಸ್ಟಿಕ್ ಹಾಸಿದ ಹೊಂಡಗಳಿಗೆ ಮಳೆನೀರಿನ ಬದಲು ಬೋರ್‌ವೆಲ್ ನೀರು ತುಂಬಿಸಿ ದ್ರಾಕ್ಷಿ, ದಾಳಿಂಬೆಗೆ ಕೊಟ್ಟು ಅಂತರ್ಜಲವನ್ನೇ ಬರಿದು ಮಾಡಿರುವುದು ಪರಿಶೀಲಕರಿಗೂ ಗೊತ್ತು. ಹೊಂಡಕ್ಕೆ ಹರಿದು ಬರುವ ಜಲಾನಯನ ಎಷ್ಟು ಹೆಕ್ಟೇರ್, ಒಳಹರಿವಿನ ಬಾಯಿ ಎಲ್ಲಿ, ಬೋರ್ ನೀರು ತುಂಬಿಸಬಾರದು ಎಂಬ ಗ್ರಾಮಸಭೆಯ ಠರಾವು, ನಿಗಾ ಇಡುವ ವೀಕ್ಷಣಾ ಬಾವಿಗಳು: ಈ ನಾಲ್ಕೂ ಇಲ್ಲದ ಹೊಂಡವನ್ನು ನಾನು ಪ್ರಸ್ತಾವನೆಗೆ ಸೇರಿಸುವುದಿಲ್ಲ.

ಊರವರ ಜೊತೆ ಸಮಾಲೋಚನೆ ಯಾವ ತಿಂಗಳು ಎಂಬುದು ಮುಖ್ಯ. ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯುವ ಕುಟುಂಬಗಳು ಊರಲ್ಲಿ ಇರುವುದಿಲ್ಲ. ಜನವರಿಯಲ್ಲಿ ಸಭೆ ಕರೆದರೆ ಭೂಮಿ, ಬಾವಿ ಇದ್ದವರೇ ಬರುತ್ತಾರೆ, ಅವರ ಬೇಡಿಕೆಯೇ ಯೋಜನೆಯಾಗುತ್ತದೆ. ಜುಲೈ–ಸೆಪ್ಟೆಂಬರ್‌ನಲ್ಲಿ, ಹೆಂಗಸರಿಗೆ ಬೇರೆ ಸಭೆ, ಪ್ರಶ್ನೆ ಕನ್ನಡದಲ್ಲಿ, ಟಿಪ್ಪಣಿಯೂ ಕನ್ನಡದಲ್ಲೇ. ವರದಿಯಲ್ಲಿ ದಿನಾಂಕ, ಸ್ಥಳ, ಎಷ್ಟು ಹೆಂಗಸರು, ಏನಂದರು, ಅದರಿಂದ ವಿನ್ಯಾಸದಲ್ಲಿ ಏನು ಬದಲಾಯಿತು ಎಂಬ ಐದು ಕಾಲಂ ಇರಲೇಬೇಕು. ಐದನೆಯದು ಖಾಲಿ ಇದ್ದರೆ ಅದು ಸಮಾಲೋಚನೆಯಲ್ಲ, ಹಾಜರಿ.

ಸೂಚಕಗಳಿಗೆ ಬರೋಣ. ಹೆಂಗಸರ ಕನಿಷ್ಠ ಆಹಾರ ವೈವಿಧ್ಯ ಸೂಚಕದಲ್ಲಿ 15ರಿಂದ 49 ವಯಸ್ಸಿನವರಿಗೆ ನಿನ್ನೆ ಹಗಲು-ರಾತ್ರಿ ಏನು ತಿಂದಿರಿ ಎಂದು ಕೇಳಿ, ಹತ್ತು ಆಹಾರ ಗುಂಪುಗಳಲ್ಲಿ ಐದಾದರೂ ಇದೆಯೇ ನೋಡುತ್ತಾರೆ. ಆಹಾರ ಸೇವನೆ ಅಂಕ ಏಳು ದಿನದ ನೆನಪಿನದು. ಆಹಾರ ಅಭದ್ರತೆಯ ಅನುಭವ ಮಾಪಕದಲ್ಲಿ ಎಂಟು ಪ್ರಶ್ನೆ. ಎಲ್ಲವನ್ನೂ ತುರುಕಬಾರದು. ನಾನು ವೈವಿಧ್ಯ ಸೂಚಕ ಮತ್ತು ಅನುಭವ ಮಾಪಕ ಇಟ್ಟುಕೊಂಡು, ಮೇವಿಗೆ ‘ಮೇವಿಲ್ಲದೆ ಜಾನುವಾರು ಮಾರಿದ ಮನೆಗಳು’ ಎಂಬ ನಮ್ಮದೇ ಸೂಚಕ ಸೇರಿಸುತ್ತೇನೆ. ಬೇಸ್‌ಲೈನ್ (ಆರಂಭದ ಸಮೀಕ್ಷೆ) ಮೇ ತಿಂಗಳು, ಕೊನೆಯ ಸಮೀಕ್ಷೆ ನವೆಂಬರ್ ಆದರೆ ಯೋಜನೆ ಏನೂ ಮಾಡದಿದ್ದರೂ ಸುಧಾರಣೆ ಕಾಣುತ್ತದೆ, ಏಕೆಂದರೆ ಆಗ ಹೊಲದಲ್ಲಿ ಸೊಪ್ಪು, ಕಾಯಿ ಇರುತ್ತವೆ. ಎರಡೂ ಒಂದೇ ತಿಂಗಳಲ್ಲಿ ಆಗಬೇಕು, ಶ್ರಾವಣ ಬಿಟ್ಟು. ಆ ತಿಂಗಳು ಎಷ್ಟೋ ಮನೆಗಳಲ್ಲಿ ಮೊಟ್ಟೆ-ಮಾಂಸ ಇರುವುದಿಲ್ಲ, ಉಪವಾಸವೂ ಹೆಚ್ಚು.

ಮಾದರಿಯ ಗಾತ್ರಕ್ಕೂ ಲೆಕ್ಕ ತೋರಿಸಬೇಕು. ಐದು ಗುಂಪಿನ ಆಹಾರ ತಿನ್ನುವ ಹೆಂಗಸರ ಪಾಲು 30%ನಿಂದ 45%ಗೆ ಏರಿದ್ದನ್ನು ಹಿಡಿಯಲು, 95% ವಿಶ್ವಾಸ, 80% ಸಾಮರ್ಥ್ಯಕ್ಕೆ, ಪ್ರತಿ ಸುತ್ತಿಗೆ ಸುಮಾರು 160 ಹೆಂಗಸರು. ಹಳ್ಳಿ ಗುಂಪುಗಳಾಗಿ ಆರಿಸುವುದರಿಂದ ಎರಡು ಪಟ್ಟು, 320. ಸಿಗದವರಿಗೆ 10% ಸೇರಿಸಿದರೆ 350ರ ಆಸುಪಾಸು. ‘100 ಮನೆ ಸಮೀಕ್ಷೆ’ ಎಂದು ಬರೆದು 10% ಸುಧಾರಣೆಯ ಭರವಸೆ ಕೊಟ್ಟರೆ ಅದು ಅಳೆಯಲಾಗದ ಭರವಸೆ.

ಬಜೆಟ್ಟನ್ನು ವಿವರಣೆಗಿಂತ ಮೊದಲೇ ಮಾಡುತ್ತೇನೆ. ಚಟುವಟಿಕೆ, ಘಟಕ, ಸಂಖ್ಯೆ, ದರ, ದರದ ಮೂಲ, ಯಾವ ವರ್ಷ: ಪ್ರತಿ ಸಾಲಿಗೂ ಈ ಆರು. ಮಣ್ಣಿನ ಕೆಲಸಕ್ಕೆ ಸರಕಾರಿ ದರಪಟ್ಟಿ, ಸಾಮಗ್ರಿಗೆ ಮೂರು ಕೊಟೇಶನ್. ಜಿಎಸ್‌ಟಿ, ಎರಡನೇ ವರ್ಷದ ವೇತನ ಹೆಚ್ಚಳ, ಲೆಕ್ಕಪರಿಶೋಧನೆ, ಕೊನೆಯ ಸಮೀಕ್ಷೆಯ ಖರ್ಚು ಸಾಮಾನ್ಯವಾಗಿ ಮರೆತುಹೋಗುವವು.

ಯಾರ ಹಣ ಎಂಬುದರ ಮೇಲೆ ಬಜೆಟ್ಟಿನ ಆಕಾರವೇ ಬದಲಾಗುತ್ತದೆ. ಹವಾಮಾನ ಹೊಂದಾಣಿಕೆಗೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿಯಾದ ಅಡಾಪ್ಟೇಶನ್ ಫಂಡ್‌ಗೆ ಸಣ್ಣ ಸಂಸ್ಥೆ ನೇರ ಅರ್ಜಿ ಹಾಕುವಂತಿಲ್ಲ. ಭಾರತದಲ್ಲಿ ಅದರ ರಾಷ್ಟ್ರೀಯ ಅನುಷ್ಠಾನ ಸಂಸ್ಥೆ ಮುಂಬಯಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್), ನಾವು ಕಾರ್ಯಗತಗೊಳಿಸುವವರಾಗಿ ಅದರ ಮೂಲಕ ಹೋಗಬೇಕು. ಅಲ್ಲಿ ಕಾರ್ಯನಿರ್ವಹಣಾ ವೆಚ್ಚ 9.5%, ಅನುಷ್ಠಾನ ಸಂಸ್ಥೆಯ ಶುಲ್ಕ 8.5% ಮಿತಿ. ಚಟುವಟಿಕೆಗಳು 18,10,000 ಡಾಲರ್ ಆದರೆ ಕಾರ್ಯನಿರ್ವಹಣೆ 1,90,000, ಒಟ್ಟು 20,00,000; ಅದರ ಮೇಲೆ ಶುಲ್ಕ 1,70,000; ಕೇಳುವುದು 21,70,000. ಅನೇಕರು 9.5%ನ್ನು ಈ ಒಟ್ಟಿನ ಬದಲು ಚಟುವಟಿಕೆಯ ಮೊತ್ತದ ಮೇಲೆ ಹಾಕಿ ಕೂಡಿಸುತ್ತಾರೆ, ಕೋಷ್ಟಕ ತಾಳೆಯಾಗುವುದಿಲ್ಲ. ಸಹ-ನಿಧಿ ಕಡ್ಡಾಯವಲ್ಲ, ಆದರೆ ಇನ್ನೊಂದು ಸರಕಾರಿ ಯೋಜನೆಯ ಹಣ ಬಾರದಿದ್ದರೂ ನಮ್ಮ ಫಲಿತಾಂಶ ಬರುವಂತಿರಬೇಕು. ಇನ್ನೊಂದು ಅಂತರರಾಷ್ಟ್ರೀಯ ನಿಧಿಯಾದ ಗ್ರೀನ್ ಕ್ಲೈಮೇಟ್ ಫಂಡ್‌ಗೆ ಕೇಂದ್ರ ಪರಿಸರ ಸಚಿವಾಲಯದ ನಿರಾಕ್ಷೇಪಣಾ ಪತ್ರವೂ ಬೇಕು. ಸಣ್ಣ ಸಂಸ್ಥೆ ಅದನ್ನು ಮೊದಲ ಗುರಿ ಮಾಡಿಕೊಳ್ಳಬಾರದು ಎಂದೇ ನನ್ನ ಸಲಹೆ.

ವಿದೇಶಿ ದೇಣಿಗೆಯಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿ ನೆನಪಿರಲಿ: ಆಡಳಿತ ವೆಚ್ಚ 20% ಮೀರುವಂತಿಲ್ಲ, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಪುಣೆಯ ಸಂಸ್ಥೆ ಹಣ ಪಡೆದು ಜತ್ತದ ಪಾಲುದಾರನಿಗೆ ಹಂಚುವ ವಿನ್ಯಾಸ ಅಲ್ಲಿಗೇ ಮುಗಿಯಿತು. ಪಾಲುದಾರನಿಗೆ ತನ್ನದೇ ನೋಂದಣಿ, ದಾನಿಯೊಂದಿಗೆ ತನ್ನದೇ ಒಪ್ಪಂದ ಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದಲ್ಲಿ (ಸಿಎಸ್‌ಆರ್) 5% ಮಿತಿಯನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಅದು ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ. ಯೋಜನೆಯ ವಿನ್ಯಾಸ, ಅನುಷ್ಠಾನ, ನಿಗಾ ಅದರೊಳಗೆ ಬರುವುದಿಲ್ಲ. ಕ್ಷೇತ್ರ ಸಿಬ್ಬಂದಿಯ ವೇತನವನ್ನು ಆಡಳಿತವೆಂದು ತೋರಿಸಿ ತಾವೇ ಕತ್ತರಿಸಿಕೊಳ್ಳಬೇಡಿ. ಮುಂದುವರಿಯುವ ಯೋಜನೆಗೆ ಆರಂಭದ ಆರ್ಥಿಕ ವರ್ಷ ಬಿಟ್ಟು ಮೂರು ವರ್ಷ ಮಾತ್ರ ಅವಕಾಶ, ಆದ್ದರಿಂದ ಐದು ವರ್ಷದ ಜಲಾನಯನವನ್ನು ಎರಡು ಭಾಗ ಮಾಡಿ, ಮೊದಲ ಭಾಗ ತಾನೇ ನಿಲ್ಲುವಂತೆ ಕಟ್ಟಬೇಕು.

ಪಠ್ಯ ಬರೆಯುವುದು ಇದೆಲ್ಲ ಆದ ಮೇಲೆ, ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಕಳಿಸುವ ಮುನ್ನ ಒಬ್ಬರು ಅಂಕಿಗಳನ್ನು ಮಾತ್ರ ಓದುತ್ತಾರೆ: ಫಲಾನುಭವಿಗಳ ಸಂಖ್ಯೆ, ಹಳ್ಳಿಗಳು, ಹೆಕ್ಟೇರ್, ಒಟ್ಟು ಮೊತ್ತ ಸಾರಾಂಶದಲ್ಲಿ, ಲಾಗ್‌ಫ್ರೇಮ್‌ನಲ್ಲಿ (ಗುರಿ, ಚಟುವಟಿಕೆ, ಸೂಚಕಗಳ ಕೋಷ್ಟಕ), ಬಜೆಟ್‌ನಲ್ಲಿ ಒಂದೇ ಇರಬೇಕು. ಪರಿಶೀಲನೆಯ ಟಿಪ್ಪಣಿ ಬಂದಾಗ ಪ್ರತಿಯೊಂದಕ್ಕೂ ಒಂದು ಸಾಲು: ಪ್ರಶ್ನೆ, ಉತ್ತರ, ಬದಲಾದ ಪುಟ. ಒಪ್ಪದ ಟಿಪ್ಪಣಿಗೆ ಕಾರಣ ಬರೆದು ಹಾಗೆಯೇ ಬಿಡಬಹುದು, ಉತ್ತರವಿಲ್ಲದೆ ಬಿಡುವಂತಿಲ್ಲ. ಪರಿಶೀಲಕರು ಹೊಂಡಗಳನ್ನು ಅರ್ಧಕ್ಕೆ ಇಳಿಸಿ ಎಂದರೆ ಬಜೆಟ್ಟಿನ ಸಾಲು ಕತ್ತರಿಸಿ ಸುಮ್ಮನಾಗದೆ, ಎಷ್ಟು ಎಕರೆ ಜೋಳ, ಎಷ್ಟು ಮನೆಯ ಕಣಿಕೆ ಕಡಿಮೆಯಾಯಿತು ಎಂದು ಸರಣಿಯ ಉದ್ದಕ್ಕೂ ಇಳಿಸಿ ಬರೆದು ವಾಪಸ್ ಕಳಿಸುತ್ತೇನೆ.