ಎರಡನೇ ತಿಂಗಳು ದಾಟಿಸುವುದೇ ದೊಡ್ಡ ಕೆಲಸ

ನಾನು ಮಂಡ್ಯ ಜಿಲ್ಲೆಯ ಮಳವಳ್ಳಿ ಕಡೆಯ ಆಶಾ ಕಾರ್ಯಕರ್ತೆ. ಬಾಣಂತಿ, ಮಗು, ಡೆಂಗಿ ಸರ್ವೆ, ಬಿಪಿ, ಶುಗರ್ ಎಲ್ಲವೂ ನಮ್ಮ ಪಾಲಿಗೇ ಇವೆ. ಅದರಲ್ಲಿ ನನ್ನನ್ನು ಜಾಸ್ತಿ ಓಡಾಡಿಸುವುದು ಟಿಬಿ. ಪತ್ತೆ ಮಾಡುವುದು ಈಗ ಅಷ್ಟು ಕಷ್ಟವಿಲ್ಲ. ಶುರುವಾದ ಮಾತ್ರೆಯನ್ನು ಕೊನೆಯವರೆಗೂ ನುಂಗಿಸುವುದು ಕಷ್ಟ.

ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಕಫದ ಡಬ್ಬಿ ಕೊಡುತ್ತೇನೆ. ಸುಮ್ನೆ ಕೊಟ್ಟು ಬಂದರೆ ಅದರಲ್ಲಿ ಬರೀ ಉಗುಳು ಇರುತ್ತದೆ. ಅದಕ್ಕೆ ನಿಂತು ತೋರಿಸುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಬೇಕು, ಬಯಲಿಗೆ ಬಂದು ಉದ್ದಕ್ಕೆ ಉಸಿರೆಳೆದು ಎದೆಯಾಳದಿಂದ ಕೆಮ್ಮಬೇಕು. ಕಫ ಸರಿಯಾಗಿದ್ದರೆ ಅದರಲ್ಲಿ ಟಿಬಿ ಕ್ರಿಮಿ ಇದೆಯೇ ಎಂದು ನೋಡುವ ಸಿಬಿನಾಟ್ ಯಂತ್ರ ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗದ ಟಿಬಿಯೋ ಅಲ್ಲವೋ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಮಾತ್ರೆ ಕೊಡುವ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳಿಬಿಡುತ್ತೇನೆ. ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಮೂಲೆಗೆ ಸೇರುತ್ತದೆ.

ನಿಜವಾದ ಕಷ್ಟ ಎರಡನೇ ತಿಂಗಳಿನದು. ಮಾಮೂಲಿ ಟಿಬಿಗೆ ಆರು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ಆದರೆ ಎರಡು ತಿಂಗಳೊಳಗೇ ಕೆಮ್ಮು ನಿಂತು ಹಸಿವು ಬರುತ್ತದೆ. ಆಲೆಮನೆಯಲ್ಲಿ ದುಡಿಯುವ ಒಬ್ಬಣ್ಣ ಕೇಳಿದ್ದ, ‘ಈಗ ಚೆನ್ನಾಗವ್ನಿ ಕಣಕ್ಕ, ಇನ್ಯಾಕೆ ಮಾತ್ರೆ?’ ಒಳಗೆ ಉಳಿದ ಕ್ರಿಮಿ ಔಷಧಿಗೆ ಬಗ್ಗದಂತಾಗಿ ತಿರುಗಿ ಬರುತ್ತದೆ ಎಂದು ಬಿಡಿಸಿ ಹೇಳಿದೆ. ಅಷ್ಟು ಸಾಲಲಿಲ್ಲ. ಅವನ ಹೆಂಡತಿಯ ಜೊತೆ ಕೂತು, ಕೆಲಸಕ್ಕೆ ಹೊರಡುವ ಮುಂಚೆ ಅವಳ ಎದುರಿಗೇ ನುಂಗಬೇಕು ಎಂದು ಗೊತ್ತುಮಾಡಿದೆವು. ಖಾಲಿಯಾದ ಮಾತ್ರೆ ಪಟ್ಟಿಗಳನ್ನು ಎಸೆಯದೆ ಒಂದು ಕವರಿನಲ್ಲಿ ಇಟ್ಟಿರುತ್ತಿದ್ದಳು. ಹೋದಾಗಲೆಲ್ಲ ಎಣಿಸುತ್ತಿದ್ದೆ. ಸಂಜೆ ಕುಡಿತದ ವಿಷಯವನ್ನೂ ಮುಚ್ಚುಮರೆಯಿಲ್ಲದೆ ಮಾತಾಡಿದೆ. ಈ ಮಾತ್ರೆಯ ಜೊತೆ ಎಣ್ಣೆ ಸೇರಿದರೆ ಲಿವರ್‌ಗೆ ಪೆಟ್ಟು. ಕಣ್ಣು ಹಳದಿಯಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ಮರ್ಯಾದೆಯ ಭಯ. ನಮ್ಮ ಗುಲಾಬಿ ಸೀರೆ ಒಂದೇ ಮನೆಗೆ ಪದೇ ಪದೇ ಹೋದರೆ ಬೀದಿಗೆಲ್ಲ ಅನುಮಾನ. ಮದುವೆಗಿರುವ ಹುಡುಗಿಯ ಮನೆಯಾದರೆ ಮುಗಿದೇ ಹೋಯಿತು. ಅದಕ್ಕೆ ಅಕ್ಕಪಕ್ಕದ ಮನೆಗಳಲ್ಲೂ ಬಿಪಿ ವಿಚಾರಿಸಿಕೊಂಡೇ ಆ ಮನೆಗೆ ಹೋಗುತ್ತೇನೆ. ಅಳುವ ತಾಯಂದಿರಿಗೆ ಮೈಸೂರಿನ ಪಿಕೆಟಿಬಿ ಆಸ್ಪತ್ರೆಯ ಕಥೆ ಹೇಳುತ್ತೇನೆ. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರನ್ನೇ ಈ ಕಾಯಿಲೆ ಬಲಿ ತೆಗೆದುಕೊಂಡಿತ್ತು. ಅವರ ಹೆಸರಿನಲ್ಲೇ 1921ರಲ್ಲಿ ಆ ಆಸ್ಪತ್ರೆ ಆಯಿತು. ಅರಮನೆಗೂ ಬಂದ ಕಾಯಿಲೆ ಇದು, ನಿಮ್ಮ ಮಗಳದೇನು ತಪ್ಪು, ಅಲ್ವಾ?

ಪೌಷ್ಟಿಕ ಆಹಾರಕ್ಕೆ ಸರ್ಕಾರ ಕೊಡುವ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಅದು ಹಸಿವು ಮರಳುವ ಹೊತ್ತಿಗೇ ಕೈಸೇರಬೇಕು. ಹಾಗಾಗಿ ಮೊದಲ ವಾರವೇ ಬ್ಯಾಂಕ್ ಖಾತೆ, ಆಧಾರ್ ಸರಿಯಿದೆಯೇ ನೋಡುತ್ತೇನೆ. ಶುಗರ್ ಪರೀಕ್ಷೆಯನ್ನೂ ತಪ್ಪಿಸುವುದಿಲ್ಲ. ಶುಗರ್ ಏರಿದ್ದರೆ ಟಿಬಿ ಬೇಗ ಬಗ್ಗುವುದಿಲ್ಲ.

ಮನೆಯವರೆಲ್ಲರ ತಪಾಸಣೆಯೂ ಆಗಬೇಕು. ಐದು ವರ್ಷದೊಳಗಿನ ಮಗುವಿದ್ದರೆ ಮೊದಲು ಅದನ್ನೇ ಕರೆದೊಯ್ಯುತ್ತೇನೆ. ಟಿಬಿ ಇಲ್ಲವೆಂದಾದರೂ ಮುಂದೆ ಬಾರದಂತೆ ಮಗುವಿಗೆ ಔಷಧಿ ಕೊಡುತ್ತಾರೆ. ದೊಡ್ಡವರು ಕಬ್ಬಿನ ಗದ್ದೆಯಿಂದ ಬರುವುದೇ ಕತ್ತಲಾದ ಮೇಲೆ. ಅವರಿಗಾಗಿ ಊಟದ ಹೊತ್ತಿಗೆ ಇನ್ನೊಂದು ಸಲ ಹೋಗುತ್ತೇನೆ.