ಹಾಡು ಚೆನ್ನಾಗಿದ್ದರೆ ಸಾಲದು: ಈಚೆಗೆ ಕೊಂಡ ಆಲ್ಬಂಗಳ ಬಗ್ಗೆ

ಸ್ಟ್ರೀಮಿಂಗ್‌ನಲ್ಲಿ ಹಾಡು ಕೇಳುವಾಗ ಅಭಿಪ್ರಾಯ ಅನ್ನೋದು ಬೆರಳ ತುದಿಯಲ್ಲೇ ಇರುತ್ತದೆ. ಹಿಡಿಸಲಿಲ್ಲವಾ, ಮುಂದಿನದು. ದುಡ್ಡು ಕೊಟ್ಟು ಕೊಂಡ ಆಲ್ಬಂ ವಿಷಯದಲ್ಲಿ ಹಾಗಾಗುವುದಿಲ್ಲ. ದುಡ್ಡು ಹೋಗಿದೆಯಲ್ಲ, ಚೆನ್ನಾಗಿದೆ ಅಂತ ಹೇಳಿಕೊಳ್ಳೋಕೆ ಮನಸ್ಸು ಮೊದಲೇ ತಯಾರಾಗಿರುತ್ತದೆ. ಅದಕ್ಕೇ ನಾನು ಕೇಳುವುದಕ್ಕೆ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಮೊದಲ ಸಲ ಕೇಳುವಾಗ ಒಳಗಿನ ಪುಸ್ತಿಕೆ ಬಿಚ್ಚುವುದಿಲ್ಲ, ಫೋನ್ ಬೇರೆ ಕೋಣೆಯಲ್ಲಿರುತ್ತದೆ. ಸುಮ್ನೆ ಕೂತು ಮೊದಲಿಂದ ಕೊನೆಯವರೆಗೆ ಕೇಳುತ್ತೇನೆ. ಮುಂದಿನ ಸಲ ಪುಸ್ತಿಕೆ ಕೈಯಲ್ಲಿ: ಯಾರು ಏನು ನುಡಿಸಿದ್ದಾರೆ, ಯಾರು ಮಿಕ್ಸ್ ಮಾಡಿದ್ದಾರೆ, ಅಂದರೆ ಗಾಯನ, ವಾದ್ಯಗಳನ್ನೆಲ್ಲ ಹದವಾಗಿ ಸೇರಿಸಿದವರು ಯಾರು. ಆಮೇಲೆ ಒಂದಷ್ಟು ದಿನ ಮುಟ್ಟುವುದೇ ಇಲ್ಲ. ಆ ದಿನಗಳಲ್ಲಿ ಯಾವ ಟ್ಯೂನ್ ತಾನಾಗಿ ಬಾಯಿಗೆ ಬರುತ್ತದೋ ನೋಡುತ್ತೇನೆ. ಮತ್ತೆ ಹಾಕಿದಾಗ ಎಲ್ಲಿ ಎದ್ದು ಹಾಡು ದಾಟಿಸೋಣ ಅನ್ನಿಸುತ್ತದೋ, ಅಲ್ಲಿಗೆ ಆ ಆಲ್ಬಂನ ನಿಜವಾದ ಬೆಲೆ ಗೊತ್ತಾಗುತ್ತದೆ.

ಒಳ್ಳೆ ಹಾಡುಗಳಿರುವ ಆಲ್ಬಂ ಬೇಕಾದಷ್ಟಿವೆ. ಕಪಾಟಿನಿಂದ ಮತ್ತೆ ಮತ್ತೆ ಹೊರಗೆ ಬರುವುದು ಮಾತ್ರ ಕೆಲವೇ. ವ್ಯತ್ಯಾಸ ಇರುವುದು ಜಾಸ್ತಿ ಸಲ ಹಾಡುಗಳಲ್ಲಲ್ಲ. ಅವುಗಳ ಸಾಲಿನಲ್ಲಿ, ಒಟ್ಟು ಉದ್ದದಲ್ಲಿ, ಆಮೇಲೆ ಧ್ವನಿಯನ್ನು ಎಷ್ಟು ಹಿಂಡಿದ್ದಾರೆ ಅನ್ನೋದರಲ್ಲಿ.

ಈ ಸಲದ ರಾಶಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ದಿ ಕ್ಯೂರ್ ಬ್ಯಾಂಡಿನ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್'. 2024ರ ನವೆಂಬರ್‌ನಲ್ಲಿ ಬಂತು. ಇದರ ಹಿಂದಿನ ಆಲ್ಬಂ ಬಂದಿದ್ದು 2008ರಲ್ಲಿ, ಅಂದರೆ ಹದಿನಾರು ವರ್ಷದ ಅಂತರ. ಇಷ್ಟು ಕಾಯಿಸಿದವರು ಸಾಮಾನ್ಯವಾಗಿ ಎಲ್ಲವನ್ನೂ ತುರುಕಿ ಕೊಡುತ್ತಾರೆ. ಇವರು ಕೊಟ್ಟಿದ್ದು ಬರೀ ಎಂಟು ಹಾಡು, ಐವತ್ತು ನಿಮಿಷದೊಳಗೆ. ಮೊದಲ ಹಾಡು 'ಅಲೋನ್'. ಅದರಲ್ಲಿ ಗಾಯಕ ರಾಬರ್ಟ್ ಸ್ಮಿತ್ ಬಾಯಿ ತೆರೆಯುವುದು ಮೂರು ನಿಮಿಷ ಕಳೆದ ಮೇಲೆ! ಅಲ್ಲಿಯವರೆಗೆ ಡ್ರಮ್ಸ್ ನಿಧಾನಕ್ಕೆ ಕಾಲೆಳೆದುಕೊಂಡು ನಡೆಯುತ್ತದೆ, ಮೇಲೆ ಕೀಬೋರ್ಡ್ ಪದರ ಪದರವಾಗಿ ಕೂರುತ್ತಾ ಹೋಗುತ್ತದೆ, ಕೆಳಗೆ ಸೈಮನ್ ಗ್ಯಾಲಪ್‌ನ ಬೇಸ್ ಗಿಟಾರ್ ಒರಟಾಗಿ ಗುರುಗುಡುತ್ತಿರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಇದನ್ನು ಮೊದಲ ಸಲ ಕೇಳುವ ಎಷ್ಟು ಜನ ಮೂರು ನಿಮಿಷ ತಡೆದಾರು ಹೇಳಿ. ಕೊಂಡವರು ಮಾತ್ರ ತಡೆಯುತ್ತಾರೆ. ತಡೆದರೆ, ಧ್ವನಿ ಬರುವ ಹೊತ್ತಿಗೆ ಕಿವಿ ಆ ನಿಧಾನಗತಿಗೆ ಹೊಂದಿಕೊಂಡಿರುತ್ತದೆ. ಆಮೇಲೆ ಉಳಿದ ಏಳು ಹಾಡು ಎಲ್ಲೂ ಎಳೆದಂತೆ ಅನ್ನಿಸುವುದಿಲ್ಲ. ಕೊನೆಯದು 'ಎಂಡ್‌ಸಾಂಗ್', ಹತ್ತು ನಿಮಿಷ ದಾಟುತ್ತದೆ, ಅದರಲ್ಲಂತೂ ಮಾತು ಬರುವುದು ಇನ್ನೂ ತಡ. ಮೊದಲ ಹಾಡಿನ ಕಾಯುವಿಕೆಯೇ ಕೊನೆಯಲ್ಲಿ ದೊಡ್ಡದಾಗಿ ಬಂದಂತೆ ಇದೆ.

ನಡುವೆ 'ಐ ಕ್ಯಾನ್ ನೆವರ್ ಸೇ ಗುಡ್‌ಬೈ' ಅಂತ ಒಂದಿದೆ, ಸ್ಮಿತ್ ತನ್ನ ಅಣ್ಣ ತೀರಿಕೊಂಡ ಬಗ್ಗೆ ಬರೆದದ್ದು. ಪಿಯಾನೋದಲ್ಲಿ ಕೆಲವೇ ಸ್ವರ, ಅದನ್ನೇ ತಿರುಗಿಸಿ ತಿರುಗಿಸಿ ನುಡಿಸುತ್ತಾರೆ. ಈ ಆಲ್ಬಂನ ಹಲವು ಹಾಡುಗಳನ್ನು ಅವರು 2022 ಮತ್ತು 2023ರ ಪ್ರವಾಸದಲ್ಲಿ ವೇದಿಕೆ ಮೇಲೆ ನುಡಿಸಿ ನುಡಿಸಿ ಪಳಗಿಸಿಕೊಂಡಿದ್ದರು. ಅದು ಕೇಳಿದರೆ ಗೊತ್ತಾಗುತ್ತದೆ, ಯಾರಿಗೂ ಅವಸರವಿಲ್ಲ. ದೂರು ಒಂದೇ: ಧ್ವನಿ ಬಹಳ ದಟ್ಟ. ಡ್ರಮ್ಸ್‌ನ ತಾಳದ ತಟ್ಟೆಗಳು ಗಿಟಾರ್ ಸದ್ದಿನಲ್ಲಿ ಮುಳುಗಿ ಹೋಗುತ್ತವೆ. ಹೆಡ್‌ಫೋನಿನಲ್ಲಿ ಕೇಳಿದರೆ ಬೇಗ ಆಯಾಸ ಆಗುತ್ತದೆ, ಸ್ಪೀಕರಿನಲ್ಲಿ ಸ್ವಲ್ಪ ದೂರ ಕೂತು ಕೇಳುವುದೇ ವಾಸಿ.

ದಟ್ಟ ಅಂದೆನಲ್ಲ, ಅದೇ ತೊಂದರೆ ರೋಲಿಂಗ್ ಸ್ಟೋನ್ಸ್‌ನ 'ಹ್ಯಾಕ್ನಿ ಡೈಮಂಡ್ಸ್'ನಲ್ಲಿ ಇನ್ನೂ ಜಾಸ್ತಿ. 2005ರ ನಂತರ ಅವರ ಸ್ವಂತ ಹೊಸ ಹಾಡುಗಳ ಆಲ್ಬಂ ಬಂದಿದ್ದು 2023ರಲ್ಲಿ. ಡ್ರಮ್ಮರ್ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು, ಇಲ್ಲಿ ಎರಡು ಹಾಡಿನಲ್ಲಿ ಮಾತ್ರ ಅವರ ಕೈ ಇದೆ. ಪುಸ್ತಿಕೆ ನೋಡದೆ ಆ ಎರಡನ್ನು ಗುರುತು ಹಿಡಿಯಬಹುದಾ ಅಂತ ನೋಡಿದೆ. ಹಿಡಿಯಬಹುದು. ಅವರ ಏಟು ಗಿಟಾರಿಗಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ, ಹಾಡು ಸ್ವಲ್ಪ ತೂಗಾಡುತ್ತದೆ. ಉಳಿದ ಹಾಡುಗಳಲ್ಲಿ ತಾಳ ನೆಟ್ಟಗೆ, ಗಟ್ಟಿಯಾಗಿ, ಚೌಕಾಕಾರವಾಗಿ ಇದೆ. ತಪ್ಪೇನಿಲ್ಲ, ಆದರೆ ಆ ತೂಗಾಟ ಇಲ್ಲ. ಪಾಲ್ ಮೆಕಾರ್ಟ್ನಿ ಒಂದು ಹಾಡಿಗೆ ಬೇಸ್ ನುಡಿಸಿದ್ದಾರೆ, ಲೇಡಿ ಗಾಗಾ ಮತ್ತು ಸ್ಟೀವಿ ವಂಡರ್ ಇನ್ನೊಂದಕ್ಕೆ ಬಂದಿದ್ದಾರೆ. ಅತಿಥಿಗಳು ಜಾಸ್ತಿಯಾದರೆ ನನಗೆ ಭಯ, ಇಲ್ಲಿ ಮಾತ್ರ ಗಾಗಾ ಹಾಡಿರುವ 'ಸ್ವೀಟ್ ಸೌಂಡ್ಸ್ ಆಫ್ ಹೆವೆನ್' ಇಡೀ ಆಲ್ಬಂನ ತೂಕ ಹೊತ್ತಿದೆ. ಮುಗಿಯಿತು ಅಂದುಕೊಂಡಾಗ ಮತ್ತೆ ಎದ್ದು ನಿಲ್ಲುತ್ತದಲ್ಲ, ಅಲ್ಲಿ. ಕೊನೆಗೆ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಇಬ್ಬರೇ ಕೂತು ಮಡ್ಡಿ ವಾಟರ್ಸ್‌ರ ಹಳೇ ಬ್ಲೂಸ್ ಹಾಡುತ್ತಾರೆ. ಬ್ಯಾಂಡಿಗೆ ಹೆಸರು ಬಂದಿದ್ದೇ ಆ ಹಾಡಿನಿಂದ. ಒಂದು ಗಿಟಾರ್, ಒಂದು ಹಾರ್ಮೋನಿಕಾ, ಸುತ್ತ ಗಾಳಿ ಇದೆ. ಅದನ್ನು ಕೇಳಿದ ಮೇಲೆ ಮೊದಲ ಹಾಡಿಗೆ ವಾಪಸ್ ಹೋದರೆ ಗೋಡೆಗೆ ಡಿಕ್ಕಿ ಹೊಡೆದ ಹಾಗಾಗುತ್ತದೆ.

ಈ ಗೋಡೆ ಹೇಗೆ ಬರುತ್ತದೆ ಅಂದರೆ, ಮೆಲ್ಲಗಿರುವ ಸದ್ದನ್ನು ಮೇಲೆತ್ತಿ, ಜೋರಾಗಿರುವುದರ ತಲೆ ಕತ್ತರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತಾರೆ. ಇದಕ್ಕೆ ಕಂಪ್ರೆಷನ್ ಅನ್ನುತ್ತಾರೆ. ಸ್ವಲ್ಪ ಬೇಕು, ಇಲ್ಲದಿದ್ದರೆ ರಾಕ್ ಸಂಗೀತ ಸಪ್ಪೆ. ಅತಿಯಾದರೆ ಡ್ರಮ್ಸ್ ಏಟಿಗೆ ಏಟಿನ ಗುಣವೇ ಇರುವುದಿಲ್ಲ. ಇದರ ದೊಡ್ಡ ಗಲಾಟೆ ಆಗಿದ್ದು 2008ರಲ್ಲಿ, ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂದಾಗ. ಸಿಡಿಯಲ್ಲಿ ಧ್ವನಿ ಹಿಂಡಿ ಒಡೆದು ಹೋಗಿತ್ತು. ಅದೇ ಹಾಡುಗಳು 'ಗಿಟಾರ್ ಹೀರೋ' ವೀಡಿಯೋ ಗೇಮಿನಲ್ಲಿ ಸ್ವಚ್ಛವಾಗಿ ಕೇಳುತ್ತಿದ್ದವು! ಮತ್ತೆ ಮಿಕ್ಸ್ ಮಾಡಿ ಕೊಡಿ ಅಂತ ಅಭಿಮಾನಿಗಳು ಸಾವಿರಗಟ್ಟಲೆ ಸಹಿ ಹಾಕಿದ್ದರು. ಅವರದೇ 2023ರ '72 ಸೀಸನ್ಸ್' ಕೂಡ ಈ ರಾಶಿಯಲ್ಲಿದೆ. ಧ್ವನಿ ಈಗ ಪರವಾಗಿಲ್ಲ. ಉದ್ದ ಮಾತ್ರ ಎಪ್ಪತ್ತೇಳು ನಿಮಿಷ. 'ಲಕ್ಸ್ ಏಟರ್ನಾ' ಮೂರೂವರೆ ನಿಮಿಷದಲ್ಲಿ ಬಂದು ಹೊಡೆದು ಹೋಗುತ್ತದೆ, ಅದು ಬಹಳ ಇಷ್ಟ. ಕೊನೆಯ 'ಇನಮೊರಾಟಾ' ಹನ್ನೊಂದು ನಿಮಿಷ, ಅವರ ಹಾಡುಗಳಲ್ಲೇ ಉದ್ದದ್ದು, ಅದೂ ಚೆನ್ನಾಗಿದೆ. ನಡುವಿನ ನಾಲ್ಕು ಹಾಡು ತೆಗೆದಿದ್ದರೆ ಇದು ಅವರ ಒಳ್ಳೆಯ ಆಲ್ಬಂಗಳ ಪಕ್ಕ ಕೂರುತ್ತಿತ್ತು.

ಈಗ ನನಗೆ ಎಲ್ಲಕ್ಕಿಂತ ಕೆಲಸ ಕೊಟ್ಟ ಆಲ್ಬಂ: ಪೀಟರ್ ಗೇಬ್ರಿಯಲ್‌ನ 'ಐ/ಓ'. 2002ರ ಬಳಿಕ ಅವರ ಸ್ವಂತ ಹೊಸ ಹಾಡುಗಳ ಮೊದಲ ಆಲ್ಬಂ. 2023ರಲ್ಲಿ ಪ್ರತಿ ಹುಣ್ಣಿಮೆಗೆ ಒಂದು ಹಾಡಿನಂತೆ ಬಿಟ್ಟು, ವರ್ಷದ ಕೊನೆಗೆ ಹನ್ನೆರಡನ್ನೂ ಸೇರಿಸಿ ತಂದರು. ವಿಶೇಷ ಅಂದರೆ ಪ್ರತಿ ಹಾಡಿಗೂ ಎರಡು ಸ್ಟೀರಿಯೋ ಮಿಕ್ಸ್ ಇದೆ. ಸ್ಪೈಕ್ ಸ್ಟೆಂಟ್ ಮಾಡಿದ್ದು 'ಬ್ರೈಟ್ ಸೈಡ್', ಚಾಡ್ ಬ್ಲೇಕ್ ಮಾಡಿದ್ದು 'ಡಾರ್ಕ್ ಸೈಡ್'. ನಾನು ಎರಡೂ ಇರುವ ಸಿಡಿ ಕೊಂಡೆ. ಅದೇ ಗಾಯನ, ಅದೇ ಟೋನಿ ಲೆವಿನ್ ಬೇಸ್, ಅದೇ ಮನು ಕಚೆ ಡ್ರಮ್ಸ್. ಮಿಕ್ಸ್ ಮಾಡುವವನ ಕೈ ಬದಲಾದರೆ ಏನಾಗುತ್ತದೆ ಅಂತ ಇಷ್ಟು ಬಿಡಿಸಿ ತೋರಿಸುವ ಇನ್ನೊಂದು ಆಲ್ಬಂ ನನ್ನ ಹತ್ತಿರ ಇಲ್ಲ.

ಹೋಲಿಸಿ ನೋಡುವಾಗ ಒಂದು ಎಚ್ಚರ ಬೇಕು. ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತದೆ. ಎಲ್ಲರ ಕಿವಿಯೂ ಅಷ್ಟೇ. ಅದಕ್ಕೆ ಮೊದಲು ಎರಡರಲ್ಲೂ ಒಂದೇ ಜಾಗ ಹಾಕಿ, ಗಾಯನದ ಒಂದೇ ಸಾಲು, ಅದು ಒಂದೇ ಮಟ್ಟದಲ್ಲಿ ಕೇಳುವವರೆಗೆ ವಾಲ್ಯೂಮ್ ಸರಿಮಾಡಿಕೊಳ್ಳುತ್ತೇನೆ. ಆ ಗುರುತು ಇಟ್ಟುಕೊಂಡು ಆಮೇಲೆ ಪೂರ್ತಿ ಕೇಳುವುದು. ಹೀಗೆ ಕೇಳಿದಾಗ ಸಿಕ್ಕಿದ್ದು: ಸ್ಟೆಂಟ್ ಮಿಕ್ಸಿನಲ್ಲಿ ಗೇಬ್ರಿಯಲ್ ನಮ್ಮ ಮುಂದೆಯೇ ನಿಂತು ಹಾಡುತ್ತಾರೆ, ಪ್ರತಿ ವಾದ್ಯಕ್ಕೂ ಅದರದೇ ಜಾಗ. ಬ್ಲೇಕ್ ಮಿಕ್ಸಿನಲ್ಲಿ ಡ್ರಮ್ಸ್, ಬೇಸ್ ದಪ್ಪ ಆಗುತ್ತವೆ, ಗಾಯನ ಒಂದು ಹೆಜ್ಜೆ ಹಿಂದಕ್ಕೆ ಸರಿದು ಅವುಗಳ ನಡುವಿಂದ ಬರುತ್ತದೆ. 'ರೋಡ್ ಟು ಜಾಯ್' ಥರದ ಕುಣಿಸುವ ಹಾಡಿಗೆ ನನ್ನ ಓಟು ಬ್ಲೇಕ್‌ಗೆ. 'ಪ್ಲೇಯಿಂಗ್ ಫಾರ್ ಟೈಮ್' ಪಿಯಾನೋ ಮೇಲೆ ನಿಂತ ಹಾಡು, ಅದಕ್ಕೆ ಸ್ಟೆಂಟೇ ಸರಿ, ಅಲ್ಲಿ ಮಾತು ಸ್ಪಷ್ಟವಾಗಿ ಕೇಳಲೇಬೇಕು. ಎರಡರಿಂದಲೂ ಆರಿಸಿ ನನ್ನದೇ ಒಂದು ಸಾಲು ಮಾಡಿಕೊಂಡು ನೋಡಿದೆ. ಯಾಕೋ ಅದು ಹೊಂದಲಿಲ್ಲ. ಒಂದೊಂದು ಹಾಡು ಚೆನ್ನಾಗಿ ಕೇಳುತ್ತದೆ, ಆದರೆ ಪ್ರತಿ ಸಲ ಕೋಣೆ ಬದಲಾದಂತೆ ಅನ್ನಿಸುತ್ತದೆ. ಈಗ ಡಾರ್ಕ್ ಸೈಡನ್ನೇ ಪೂರ್ತಿ ಹಾಕುತ್ತೇನೆ. ಅರವತ್ತೆಂಟು ನಿಮಿಷ, ಇದೂ ಉದ್ದವೇ, ಹಾಡುಗಳ ಗತಿ ಹೆಚ್ಚುಕಮ್ಮಿ ಒಂದೇ ಥರ ಇರುವುದರಿಂದ ಮುಕ್ಕಾಲು ದಾರಿಯಲ್ಲಿ ಗಮನ ಜಾರುತ್ತದೆ.

ಬಿಲ್ಲಿ ಐಲಿಷ್‌ಳ 'ಹಿಟ್ ಮಿ ಹಾರ್ಡ್ ಅಂಡ್ ಸಾಫ್ಟ್' 2024ರದ್ದು. ಪಾಪ್ ಲೋಕದಲ್ಲಿ ಮೊದಲು ಮೂರು ನಾಲ್ಕು ಹಾಡು ಬಿಟ್ಟು ಆಮೇಲೆ ಆಲ್ಬಂ ತರುವುದು ರೂಢಿ. ಆಕೆ ಒಂದನ್ನೂ ಮೊದಲು ಬಿಡಲಿಲ್ಲ, ಹತ್ತು ಹಾಡನ್ನೂ ಒಟ್ಟಿಗೇ ಕೊಟ್ಟಳು. ನಲವತ್ನಾಲ್ಕು ನಿಮಿಷ. ಇದಪ್ಪಾ ಅಳತೆ ಅಂದರೆ. ಅಣ್ಣ ಫಿನಿಯಸ್ ಜೊತೆ ಮಾಡಿದ್ದು, ಹಾಡು ಶುರುವಾದ ಜಾಗದಲ್ಲೇ ಮುಗಿಯುವುದಿಲ್ಲ ಅನ್ನೋದು ಇವರಿಬ್ಬರ ಈ ಸಲದ ಆಟ. 'ಲಮೂರ್ ದ ಮಾ ವೀ' ಅರ್ಧದವರೆಗೆ ಹಳೇ ಕಾಲದ ಮೆಲ್ಲನೆ ತೂಗುವ ಹಾಡು, ಆಮೇಲೆ ಇದ್ದಕ್ಕಿದ್ದಂತೆ ಸಿಂಥಸೈಜರ್ ಹೊಡೆತ, ಧ್ವನಿಯೂ ಯಂತ್ರದ ಧ್ವನಿ. 'ದಿ ಗ್ರೇಟೆಸ್ಟ್' ಪಿಸುಮಾತಿನಲ್ಲಿ ಶುರುವಾಗಿ ಕೂಗಿನಲ್ಲಿ ನಿಲ್ಲುತ್ತದೆ. ಪಿಸುಮಾತಿನ ಹೊತ್ತಲ್ಲಿ ವಾಲ್ಯೂಮ್ ಏರಿಸಬೇಡಿ, ಆಮೇಲೆ ಕಿವಿ ಹಿಡಿದುಕೊಳ್ಳಬೇಕಾಗುತ್ತದೆ. ಪಾಪ್ ಅಂದರೆ ಮೂಗು ಮುರಿಯುವ ರಾಕ್ ಅಭಿಮಾನಿಗಳಿಗೆ ನಾನು ಕೊಡುವುದು ಇದನ್ನೇ.

ಹಳೆಯವು ಎರಡು ಕೊಂಡೆ. ಒಂದು ಕೇಟ್ ಬುಷ್‌ಳ 'ಹೌಂಡ್ಸ್ ಆಫ್ ಲವ್', 1985ರದ್ದು. 'ರನ್ನಿಂಗ್ ಅಪ್ ದಟ್ ಹಿಲ್' 2022ರಲ್ಲಿ ಒಂದು ಟಿವಿ ಸರಣಿಯಿಂದಾಗಿ ಮತ್ತೆ ಎಲ್ಲರ ಬಾಯಲ್ಲಿ ಬಂತಲ್ಲ, ಅದೇ ಆಲ್ಬಂ. ಹಾಡಿಗಾಗಿ ಕೊಳ್ಳುವವರು ಎಲ್‌ಪಿ ತಟ್ಟೆಯ ಮೊದಲ ಸೈಡಿಗೇ ನಿಲ್ಲುತ್ತಾರೆ, ಹಿಟ್ ಹಾಡುಗಳೆಲ್ಲ ಅಲ್ಲೇ ಇವೆ. ಎರಡನೇ ಸೈಡ್ ಪೂರ್ತಿ ಒಂದೇ ಕತೆ, ಏಳು ತುಂಡಿನಲ್ಲಿ: ರಾತ್ರಿ ಸಮುದ್ರದಲ್ಲಿ ಒಬ್ಬಳೇ ತೇಲುತ್ತಿರುವವಳು, ನಿದ್ದೆ ಹೋಗದಂತೆ ತಡೆದುಕೊಳ್ಳುವುದು. ಸಿಡಿಯಲ್ಲಿ ಎರಡು ಸೈಡಿನ ನಡುವೆ ಬಿಡುವು ಇಲ್ಲ, ಐದನೇ ಹಾಡು ಮುಗಿದ ಕೂಡಲೇ ನೀರಿಗೆ ಬೀಳುತ್ತೀರಿ. ನಾನು ಅಲ್ಲಿ ನಿಲ್ಲಿಸಿ, ಎದ್ದು ಓಡಾಡಿ ಬಂದು ಮತ್ತೆ ಹಾಕುತ್ತೇನೆ.

ಇನ್ನೊಂದು ಫ್ಲೀಟ್‌ವುಡ್ ಮ್ಯಾಕ್‌ನ 'ರೂಮರ್ಸ್', 1977. ಬ್ಯಾಂಡಿನೊಳಗಿನ ಎರಡು ಜೋಡಿ ಒಡೆಯುತ್ತಿದ್ದಾಗ ಮಾಡಿದ ಆಲ್ಬಂ, ಆ ಕತೆ ಎಲ್ಲರಿಗೂ ಗೊತ್ತು. ನನಗೆ ಈ ಸಲ ಕಂಡಿದ್ದು ಸಾಲಿನ ಜಾಣತನ. ಎಲ್‌ಪಿ ತಟ್ಟೆಯಲ್ಲಿ ಸೂಜಿ ಒಳಗೆ ಹೋದಂತೆ ಅದರ ಕೆಳಗೆ ಗೆರೆ ಓಡುವ ವೇಗ ಕಡಿಮೆಯಾಗುತ್ತದೆ, ಕೊನೆಗೆ ಶುರುವಿನ ಅರ್ಧಕ್ಕೂ ಕಡಿಮೆ. ಜೋರಾದ, ಚೂಪು ಸದ್ದಿನ ಹಾಡು ಅಲ್ಲಿ ಹರಿದಂತೆ ಕೇಳುತ್ತದೆ. ಅದಕ್ಕೇ ಎಷ್ಟೋ ಎಲ್‌ಪಿಗಳಲ್ಲಿ ಸೈಡಿನ ಕೊನೆಗೆ ಮೆಲ್ಲನೆ ಹಾಡು ಇರುತ್ತದೆ. ಇಲ್ಲಿ ಮೊದಲ ಸೈಡಿನ ಕೊನೆಗೆ 'ಸಾಂಗ್‌ಬರ್ಡ್', ಕ್ರಿಸ್ಟೀನ್ ಮೆಕ್‌ವೀ ಪಿಯಾನೋ ಜೊತೆ ಹಾಡಿದ್ದು. ತಟ್ಟೆ ತಿರುಗಿಸಿದರೆ 'ದಿ ಚೈನ್'. ಬರೆದವರು ಅಂತ ಬ್ಯಾಂಡಿನ ಐವರ ಹೆಸರೂ ಇರುವ ಹಾಡು ಆಲ್ಬಂನಲ್ಲಿ ಅದೊಂದೇ. ಗಾಯನ ಮುಗಿದು, ಜಾನ್ ಮೆಕ್‌ವೀ ಬೇಸ್ ಒಂದೇ ಕೇಳುವ ಆ ಜಾಗ ಬರುತ್ತದಲ್ಲ, ಸಾವಿರ ಸಲ ಕೇಳಿದವರೂ ಅಲ್ಲಿ ಮಾತು ನಿಲ್ಲಿಸುತ್ತಾರೆ.

'ಸಿಲ್ವರ್ ಸ್ಪ್ರಿಂಗ್ಸ್' ಅನ್ನೋ, ಬ್ಯಾಂಡಿನ ಇನ್ನೊಬ್ಬ ಗಾಯಕಿ ಸ್ಟೀವಿ ನಿಕ್ಸ್‌ಳ ಹಾಡನ್ನು ಅಂದು ಜಾಗ ಸಾಲದೆ ಆಲ್ಬಂನಿಂದ ಬಿಟ್ಟಿದ್ದರು, ಬೇರೆ ಸಿಂಗಲ್ಲಿನ, ಅಂದರೆ ಬಿಡಿ ಹಾಡಿನ ಸಣ್ಣ ತಟ್ಟೆಯ, ಹಿಂಬದಿಗೆ ಹಾಕಿದರು. 2004ರ ಸಿಡಿ ಆವೃತ್ತಿಯಲ್ಲಿ ಅದನ್ನು ತಂದು ಕೂರಿಸಿದ್ದು ಎಲ್ಲಿ ಅಂದರೆ, 'ಸಾಂಗ್‌ಬರ್ಡ್' ಮತ್ತು 'ದಿ ಚೈನ್' ನಡುವೆ! ಹಾಡು ಅದ್ಭುತ, ಆಲ್ಬಂನಲ್ಲಿರುವ ಹಲವಕ್ಕಿಂತ ಮೇಲು. ಆದರೂ ಅಲ್ಲಿ ಬೇಡ. ನನ್ನ ಪ್ಲೇಯರಿನಲ್ಲಿ ಏಳನೇ ಹಾಡು ದಾಟಿ ಹೋಗುವಂತೆ ಸೆಟ್ ಮಾಡಿಟ್ಟಿದ್ದೇನೆ. ಆಲ್ಬಂ ಪೂರ್ತಿ ಮುಗಿದ ಮೇಲೆ, ಬೇಕು ಅನ್ನಿಸಿದರೆ ಅದೊಂದನ್ನೇ ಹಾಕಿಕೊಳ್ಳುತ್ತೇನೆ. ಬೇಕು ಅನ್ನಿಸುವುದೇ ಜಾಸ್ತಿ.